ಶೆಟ್ಲಿ ಇಲ್ಲದ ಪೊಟ್ಟಣ

ಐವತ್ತಾರು ಎ.ಪಿ.ಓ. ಎಂಬ ಊರನ್ನು ಹುಡುಕುತ್ತ ರೂಪೇಶ ನಾಯ್ಕ ಒಂದಿಡೀ ಭಾನುವಾರ ಕಳೆದಿದ್ದ. ತಂಗಿಯ ಶಾಲೆಯ ಅಟ್ಲಾಸನ್ನು ಮಂಚದ ಮೇಲೆ ಹರಡಿ, ಕಾಶ್ಮೀರದಿಂದ ಕೆಳಗಿಳಿಯುತ್ತ ಬೆರಳು ಸವೆಸಿದರೂ ಊರು ಸಿಗಲಿಲ್ಲ. ಅಂಕೋಲೆಯ ಮುದ್ರಣಾಲಯವೊಂದರಲ್ಲಿ ಮದುವೆ ಕಾಗದ, ಉತ್ತರಕ್ರಿಯೆಯ ಕಾಗದ, ಐಸ್ ಫ್ಯಾಕ್ಟರಿಯ ರಸೀದಿ ಪುಸ್ತಕಗಳನ್ನು ಕಂಪ್ಯೂಟರಿನಲ್ಲಿ ಟೈಪು ಮಾಡಿ ಸಂಬಳ ತೆಗೆದುಕೊಳ್ಳುವ ಅವನಿಗೆ, ತಾನು ಅಕ್ಷರಲೋಕದ ಮನುಷ್ಯ ಎಂಬ ಸಣ್ಣ ಗರ್ವವಿತ್ತು. ಗೊತ್ತಿಲ್ಲ ಎಂದು ಹೇಳುವ ಅಭ್ಯಾಸವಿರಲಿಲ್ಲ. ಸೈನಿಕರ ಊರಾದ್ದರಿಂದ ಶತ್ರುವಿಗೆ ತಿಳಿಯದಿರಲೆಂದು ನಕಾಶೆಯಿಂದ ತೆಗೆದಿದ್ದಾರೆ ಎಂದು ತೀರ್ಮಾನಿಸಿ, ಸೋಮವಾರ ಬೆಳಿಗ್ಗೆ ಮೀನು ಮಾರುವ ಹೀರಕ್ಕನಿಗೆ ಹೇಳಿದ:

“ಹೀರಕ್ಕಾ, ನಿನ್ನ ಮಗ ಇರೂದು ಹಿಮದ ಊರು. ಒಂದು ಸ್ವೆಟರ್ ಕಳ್ಸು.”

ಹೀರಕ್ಕ ಕಾರವಾರದ ಭಾನುವಾರದ ಸಂತೆಗೆ ಹೋಗಿ ದಪ್ಪ ಉಣ್ಣೆಯ ಸ್ವೆಟರನ್ನೂ ಕಿವಿ ಮುಚ್ಚುವ ಟೋಪಿಯನ್ನೂ ತಂದು ಕಳಿಸಿದಳು. ಮಾರ್ಚ್ ಕೊನೆಗೆ ಮಗ ರೋಷನನ ಉತ್ತರ ಬಂತು. “ಆಯೀ, ಇಲ್ಲಿ ಮರಳಿನಲ್ಲಿ ಹಪ್ಪಳ ಸುಡಬಹುದು. ಸ್ವೆಟರನ್ನು ಒಂಟೆಗೆ ಹಾಕಿ ನೋಡಿದೆವು, ಅದೂ ಬೇಡ ಅಂತು.”

ಆ ಕಾಗದ ತಂದ ಅಂಚೆಯ ಬೀರು ಗೌಡ ನಕ್ಕು ನಕ್ಕು ಮುದ್ರಣಾಲಯದ ಮೆಟ್ಟಿಲ ಮೇಲೆ ಕೂತುಬಿಟ್ಟ. “ಅದು ಊರಲ್ಲ ಮಾರಾಯಾ. ಮಿಲಿಟರಿ ಪೋಸ್ಟು. ಸಿಪಾಯಿ ಹಿಮದಲ್ಲಿರ್ಲಿ, ಹೊಯ್ಗೆಲಿರ್ಲಿ, ವಿಳಾಸ ಅದೇ. ನೀ ಎಷ್ಟನೇತ್ತಿ ತನ್ಕ ಓದಿದ್ಯೋ?”

ಬಿ.ಎ. ಆಗಿತ್ತು. ಹೇಳಲಿಲ್ಲ.

ಅದು ಎರಡು ಸಾವಿರದ ಎರಡು. ಸಂಸತ್ತಿನ ಮೇಲೆ ದಾಳಿಯಾದ ಮೇಲೆ ಸೈನ್ಯವೆಲ್ಲ ಗಡಿಗೆ ಹೋಗಿ, ಯುದ್ಧ ಇಂದೋ ನಾಳೆಯೋ ಎಂದು ತಿಂಗಳುಗಟ್ಟಲೆ ಕಾದು ಕೂತ ವರ್ಷ. ಕೇಣಿಯ ಹೀರಾ ಹರಿಕಂತ್ರಳ ಒಬ್ಬನೇ ಮಗ ಅಲ್ಲಿದ್ದ. ಗಂಡ ರಾಮಾ ಕಾರವಾರದ ಬೈತಖೋಲ ಬಂದರಿನಲ್ಲಿ ಯಾರದೋ ಬೋಟಿಗೆ ದುಡಿಯುತ್ತ, ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದ. ಹೀರಕ್ಕ ಬೆಳಗಿನ ಬಲೆ ಎಳೆದ ಮೇಲೆ ಮೀನು ತುಂಬಿಕೊಂಡು ಅಂಕೋಲೆಗೆ ನಡೆದು ಬಂದು, ಮಧ್ಯಾಹ್ನದೊಳಗೆ ಬುಟ್ಟಿ ಖಾಲಿ ಮಾಡುತ್ತಿದ್ದಳು. ಐವತ್ತರ ಹತ್ತಿರದ ವಯಸ್ಸು, ಎತ್ತರದ ದನಿ. ಮೀನಿನ ಕಿವಿರು ಎತ್ತಿ ನೋಡುವ ಗಿರಾಕಿಗೆ “ಮದಿಮಗಳ ನೋಡೂಕೆ ಬಂದ್ಯೋ, ಮೀನು ತಕಳೂಕೆ ಬಂದ್ಯೋ?” ಎನ್ನುವವಳು.

ಶನಿವಾರ ಶನಿವಾರ ಅವಳು ಮುದ್ರಣಾಲಯಕ್ಕೆ ಬಂದು ರೂಪೇಶನಿಂದ ಮಗನಿಗೆ ಕಾಗದ ಬರೆಸುತ್ತಿದ್ದಳು. ಬುಟ್ಟಿ ಹೊರಗೆ, ಅವಳು ಬಾಗಿಲ ಚೌಕಟ್ಟಿಗೆ ಒರಗಿ.

“ಬರಿ. ಬಂಗಡೆ ಈ ಸಲ ಸಣ್ದು. ನಿನ್ನಪ್ಪನ ಮೊಣಕಾಲು ಹಂಗೇ ಅದೆ. ನಾಯಿ ನಾಕು ಮರಿ ಹಾಕ್ತು. ನೀ ಉಂಡ್ಕ. ಇಷ್ಟೇ.”

ಇಷ್ಟೇ ಎಂದರೆ ರೂಪೇಶನಿಗೆ ಕೈ ತುರಿಸುತ್ತಿತ್ತು. ‘ನಿನ್ನ ಅಗಲಿಕೆಯಿಂದ ಈ ತಾಯಿಯ ಹೃದಯ ಬೆಂದು’ ಎಂದು ಒಂದು ಸಾಲು ಸೇರಿಸುತ್ತಿದ್ದ. ಅವಳು ಪ್ರತಿ ಸಲವೂ ಓದಿಸಿ ಕೇಳುತ್ತಿದ್ದಳು, ಪ್ರತಿ ಸಲವೂ ಸಿಕ್ಕಿಬೀಳುತ್ತಿದ್ದ.

“ನಾ ಎಲ್ಲಿ ಹಂಗೆ ಹೇಳ್ದೆ ತಮಾ? ಕಾಟು ಹೊಡಿ. ಅಲ್ಲಿ ಕುಂತ್ಕಂಡವ ಹೆದರ್ಕಂತ, ಆಯಿಗೆ ಎಂತೋ ಆಗ್ಯದೆ ಅಂದ್ಕಂಡು. ನಿನ್ನ ಹೃದಯ ನಿನ್ನತ್ರೇ ಇಟ್ಕ.”

ಕಾಗದದ ಜೊತೆ ಎರಡು ತಿಂಗಳಿಗೊಮ್ಮೆ ಪೊಟ್ಟಣ. ಬಿಳಿ ಬಟ್ಟೆಯಲ್ಲಿ ತಾನೇ ಹೊಲಿದು, ಅರಗು ಹಾಕಿಸಿ ಅಂಚೆಗೆ ಕೊಡುತ್ತಿದ್ದಳು. ಒಳಗೆ ಏನಿದ್ದರೂ ಇಲ್ಲದಿದ್ದರೂ ಒಣ ಶೆಟ್ಲಿ ಇರಲೇಬೇಕು. ಶೆಟ್ಲಿ ಎಂದರೆ ಹೊಯ್ಗೆಯ ಮೇಲೆ ಬಿಸಿಲಿಗೆ ಹರವಿ ಒಣಗಿಸಿದ ಸಣ್ಣ ಸಿಗಡಿ. ಅವಳ ಕೇರಿಯ ಪದ್ಧತಿ ಅದು. ದೂರ ಇದ್ದವರಿಗೆ ಮನೆಯಿಂದ ಹೋಗುವ ಗಂಟಿನಲ್ಲಿ ಒಂದು ಮುಷ್ಟಿ ಶೆಟ್ಲಿ ಇದ್ದರೆ ಮನೆಯಲ್ಲಿ ಎಲ್ಲ ಕ್ಷೇಮ. ಸತ್ತ ಮನೆಯಲ್ಲಿ ಹನ್ನೊಂದು ದಿನ ಮೀನು ಮುಟ್ಟುವುದಿಲ್ಲ. ಹಾಗಾಗಿ ಶೆಟ್ಲಿ ಇಲ್ಲದ ಗಂಟು ಬಂತೆಂದರೆ ಆ ಕೇರಿಯವರು ಕಾಗದ ಓದುವ ಮೊದಲೇ ತಲೆಗೆ ನೀರು ಹಾಕಿಕೊಳ್ಳಲು ಏಳುತ್ತಾರೆ.

ಇದೆಲ್ಲ ರೂಪೇಶನಿಗೆ ಗೊತ್ತಿತ್ತು. ಗೊತ್ತಿದ್ದೂ ಏಪ್ರಿಲಿನಲ್ಲಿ ಅವನು ಅವಳಿಗೆ ಎರಡನೇ ಸಲಹೆ ಕೊಟ್ಟ.

ಕಾರವಾರದಲ್ಲಿ ಆಗಷ್ಟೇ ‘ಯೋಧ ಸ್ನೇಹ ಬಳಗ’ ಎಂಬುದೊಂದು ಹುಟ್ಟಿಕೊಂಡಿತ್ತು. ಅಧ್ಯಕ್ಷರು ಸಿಮೆಂಟು ವ್ಯಾಪಾರದ ದೇವಿದಾಸ. ಜಿಲ್ಲೆಯ ಸೈನಿಕರ ಮನೆಯವರು ಪೊಟ್ಟಣ ತಂದುಕೊಟ್ಟರೆ ಬಳಗವೇ ಒಟ್ಟಾಗಿ ಗಡಿಗೆ ಮುಟ್ಟಿಸುವ ಯೋಜನೆ. ಪ್ರತಿ ಪೊಟ್ಟಣದಲ್ಲೂ ನಾಡಿನ ಪರವಾಗಿ ಒಂದು ಮುದ್ರಿತ ಪತ್ರ. ಆ ಪತ್ರ ಬರೆಯುವ ಭಾಗ್ಯ ರೂಪೇಶನ ಪಾಲಿಗೆ ಬಂತು. ಅವನು ಎರಡು ದಿನ ಕೂತು, ಹೀರಕ್ಕ ಈವರೆಗೆ ಕಾಟು ಹೊಡೆಸಿದ ಸಾಲುಗಳನ್ನೆಲ್ಲ ಬಡ್ಡಿ ಸಮೇತ ಅದರಲ್ಲಿ ಸುರಿದ. ಒಂದು ಸಾಲಂತೂ ಅವನಿಗೇ ಮೈ ಜುಮ್ಮೆನ್ನಿಸಿತು: ‘ಇನ್ನು ಮುಂದೆ ಭಾರತಮಾತೆಯೇ ನಿನ್ನ ತಾಯಿ. ಹೆತ್ತವಳಿಗಾಗಿ ಕಣ್ಣೀರಿಡದಿರು.’ ಕನ್ನಡಿಯ ಮುಂದೆ ನಿಂತು ಮೂರು ಸಲ ಓದಿಕೊಂಡ. ಮೂರನೇ ಸಲ ಕಣ್ಣಲ್ಲಿ ನೀರೂ ಬಂತು.

“ಹೀರಕ್ಕಾ, ಇನ್ ಮುಂದೆ ಪೊಟ್ಟಣ, ಕಾಗ್ದ ಎರಡೂ ಬಳಗದವ್ರ ಕೈಲಿ ಕೊಡು. ಬೇಗ ಮುಟ್ತದೆ” ಎಂದ. ಅವಳು ಕೊಟ್ಟಳು. ಸ್ವೆಟರಿನ ಪಾಠ ಅವಳೂ ಕಲಿತಿರಲಿಲ್ಲ.

ಮೇ ಕೊನೆಯ ವಾರ ಬೀರು ಗೌಡ ತಂದ ಕಾಗದದ ಮೇಲೆ ಹೀರಕ್ಕನ ಹೆಸರಿರಲಿಲ್ಲ, ರೂಪೇಶನ ಹೆಸರಿತ್ತು. ಅಕ್ಷರ ರೋಷನನದೇ. ಅವಳು ಬುಟ್ಟಿ ಇಳಿಸಿ ಬಾಗಿಲಲ್ಲೇ ನಿಂತಿದ್ದಳು. ರೂಪೇಶ ಮೊದಲು ಮನಸ್ಸಿನಲ್ಲಿ ಓದಿಕೊಂಡ. ಓದಿ ಮಡಚಿದ.

“ಎಂತಾ ಬರ್ದ?”

“ಕ್ಷೇಮ ಅಂತೆ.”

“ಕ್ಷೇಮ ಅನ್ನೂಕೆ ಎರಡು ಪುಟ ಬೇಕಾಯ್ತೋ? ಓದು.”

ಓದಿದ.

“ರೂಪೇಶಣ್ಣಾ, ಪೊಟ್ಟಣ ಬಂತು. ಮೇಲೆ ಆಯಿಯ ಹೆಸರಿತ್ತು. ಒಳಗೆ ಸೋಪು, ಹಲ್ಲುಪುಡಿ, ನಾಲ್ಕು ಲಾಡು. ಶೆಟ್ಲಿ ಇರಲಿಲ್ಲ, ಆಯಿಯ ಕಾಗದವೂ ಇರಲಿಲ್ಲ, ಆಮೇಲೂ ಬರಲಿಲ್ಲ. ಅಚ್ಚು ಹಾಕಿದ ಕಾಗದವನ್ನು ಮೂರು ಸಲ ಓದಿದೆ. ನೇರವಾಗಿ ಹೇಳಲು ನಿಮಗ್ಯಾರಿಗೂ ಧೈರ್ಯ ಆಗಲಿಲ್ಲ ಎಂದು ತಿಳಿಯಿತು. ರಜೆ ಕೇಳಿದೆ, ಈಗ ಯಾರಿಗೂ ಇಲ್ಲ ಎಂದರು. ಇಲ್ಲೇ ತಲೆ ಬೋಳಿಸಿಕೊಂಡೆ. ನೀರು ಕಡಿಮೆ, ಒಂದು ಮಗ್ಗಿನಲ್ಲೇ ಸ್ನಾನ ಮುಗಿಸಿದೆ. ಆಯಿಗೆ ಏನಾಗಿತ್ತು? ಕೊನೆಗೆ ನನ್ನ ಹೆಸರು ಹೇಳಿದಳಾ? ಅಪ್ಪನಿಗೆ ಒಂದು ತಿಂಗಳು ಸಮುದ್ರಕ್ಕೆ ಹೋಗಬೇಡ ಎನ್ನು.”

ಮುದ್ರಣಾಲಯದ ಯಂತ್ರ ಒಂದೇ ಸಮನೆ ಬಡಿಯುತ್ತಿತ್ತು. ಹೀರಕ್ಕ ಸ್ವಲ್ಪ ಹೊತ್ತು ತನ್ನ ಎರಡೂ ಕೈಗಳನ್ನು ನೋಡಿಕೊಂಡಳು.

“ಒಂದು ಮಗ್ ನೀರಲ್ಲಿ ನನ್ನ ಮುಗ್ಸಿಬಿಟ್ನಾ” ಎಂದಳು. ಆಮೇಲೆ ದನಿ ಏರಿತು. “ಶೆಟ್ಲಿ ಎಲ್ಲಿ ಹೋಯ್ತು? ನಾನೇ ಒಣಗ್ಸಿ, ನಾನೇ ಆರ್ಸಿ, ಎರಡು ಸೇರು ಕಟ್ಟಿದ್ದೆ! ಏಳೋ. ಮೊದ್ಲು ತಂತಿ ಕೊಡು.”

ತಂತಿ ಕಚೇರಿಯಲ್ಲಿ ರೂಪೇಶ ‘ಮದರ್ ಅಲೈವ್’ ಎಂದು ಬರೆದ. ಅವಳು ಒಪ್ಪಲಿಲ್ಲ. “ಅದ್ನ ಯಾರ್ ಬೇಕಾದ್ರೂ ಬರೀತ್ರು. ಶೆಟ್ಲಿ ಕಳ್ಸಿದ್ದೆ ಅಂತ ಸೇರ್ಸು.” ಕಿಟಕಿಯ ಗುಮಾಸ್ತರು ಇಂಗ್ಲಿಷ್ ಅಕ್ಷರದಲ್ಲಿದ್ದ ‘ಶೆಟ್ಲಿ’ಯ ಮೇಲೆ ಪೆನ್ಸಿಲ್ ಇಟ್ಟು, ಗಡಿಯ ವಿಳಾಸವನ್ನೂ ಇವರ ಮುಖವನ್ನೂ ನೋಡಿದರು.

“ಇದೆಂತ ಗುಪ್ತ ಶಬ್ದವೋ?”

“ಹೌದು,” ಎಂದಳು ಹೀರಕ್ಕ, “ನಿಮ್ಮನೇಲಿ ಕಾಯಿ ಹಾಕಿ ಚಟ್ನಿ ಮಾಡ್ತ್ರು.”

ತಂತಿ ಹೋಯಿತು. ಐದನೇ ದಿನ ಅದು ರೋಷನನ ಕೈ ಸೇರಿ, ಅವನು ಬೋಳುತಲೆಯಲ್ಲೇ ಕುಣಿದ ಎಂಬುದು ಎಷ್ಟೋ ದಿನದ ಮೇಲೆ ತಿಳಿದ ಸಂಗತಿ. ಅವತ್ತು ಮಾತ್ರ ಅವಳಿಗೆ ಗೊತ್ತಿದ್ದುದು ಒಂದೇ: ತನ್ನ ಮಗನ ಪಾಲಿಗೆ ತಾನು ಸತ್ತಿದ್ದೇನೆ.

ಅದೇ ದಿನ ಸಂಜೆ ಬಳಗದ ಎರಡನೇ ಸರದಿಯ ಪೊಟ್ಟಣಗಳಿಗೆ ಕಾರವಾರದಲ್ಲಿ ಬೀಳ್ಕೊಡುಗೆ. ಮುದ್ರಿತ ಪತ್ರದ ಹೊಸ ಐನೂರು ಪ್ರತಿಗಳನ್ನು ರೂಪೇಶನೇ ಒಯ್ದು ಕೊಡಬೇಕಿತ್ತು. ಹೀರಕ್ಕ ಖಾಲಿ ಬುಟ್ಟಿಯನ್ನು ಎತ್ತಿಕೊಂಡು ಅದೇ ಬಸ್ ಹತ್ತಿದಳು. ಕಂಡಕ್ಟರ್ ಮೂಗು ಮುಚ್ಚಿದ. “ಬುಟ್ಟಿ ಮೇಲ್ ಹಾಕಬೇಕು ಬಾಯೀ.” “ನಿನ್ನೇ ಮೇಲ್ ಹಾಕ್ತೆ” ಎಂದಳು. ಅವನು ಟಿಕೆಟ್ ಹರಿದು ಮುಂದೆ ಹೋದ.

ನೌಕಾನೆಲೆಯ ಬೇಲಿ ಶುರುವಾದಾಗ ಎಂದಿನಂತೆ ಅವಳ ಕುತ್ತಿಗೆ ಆ ಕಡೆ ತಿರುಗಿತು. ಬೇಲಿಯ ಆಚೆ ಅವಳ ತವರಿತ್ತು. ಬಾವಿ, ದೋಣಿ ಕಟ್ಟುವ ಗೂಟ, ಅಪ್ಪ ನೆಟ್ಟ ತೆಂಗು, ಎಲ್ಲವನ್ನೂ ನೆಲೆಗೆ ಬಿಟ್ಟುಕೊಟ್ಟು ಅಣ್ಣಂದಿರು ಎದ್ದು ಬಂದು ಮೂರು ವರ್ಷ ಆಗಿತ್ತು. ಬೇಲಿ ಮುಗಿದ ಮೇಲೆ ಅವಳು ರೂಪೇಶನ ಕಂಕುಳ ನೋಡಿದಳು.

“ಆ ಕಟ್ಟಲ್ಲಿ ಎಂತಾ?”

“ಅದೇ ಕಾಗ್ದ ಹೀರಕ್ಕಾ. ಅಚ್ಚು ಹಾಕಿದ್ದು.”

“ಎಂತ ಬರ್ದೀರು ಅದ್ರಲ್ಲಿ? ಅಂವ ಮೂರು ಸಲ ಓದೂವಂಥಾದ್ದು?”

ಕನ್ನಡಿಯ ಮುಂದೆ ಗುಡುಗಿದ ಸಾಲನ್ನು ರೂಪೇಶ ಬಸ್ಸಿನಲ್ಲಿ ಪಿಸುಗುಟ್ಟಿದ. ಇನ್ನು ಮುಂದೆ ಭಾರತಮಾತೆಯೇ ನಿನ್ನ ತಾಯಿ. ಹೆತ್ತವಳಿಗಾಗಿ ಕಣ್ಣೀರಿಡದಿರು.

“ಯಾವ ಬೇವರ್ಸಿ ಬರ್ದದ್ದು?”

ಚೆಂಡಿಯಾ ಬಂತು, ಬಿಣಗಾ ಬಂತು. ಬಿಣಗಾ ದಾಟಿದ ಮೇಲೆ, “ನಾನೇ” ಎಂದ.

ಹೀರಕ್ಕ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಉಸಿರಾಡಲು ಸುಲಭವಾಗುತ್ತಿತ್ತು. ಬುಟ್ಟಿಯನ್ನು ತಮ್ಮಿಬ್ಬರ ನಡುವೆ ಸೀಟಿನ ಮೇಲೆ ಎತ್ತಿ ಇಟ್ಟಳು, ಅಷ್ಟೇ.

ಸಭಾಗೃಹದಲ್ಲಿ ಉದ್ದದ ಮೇಜು, ಅದರ ಮೇಲೆ ಒಂದೇ ಅಳತೆಯ ರಟ್ಟಿನ ಪೆಟ್ಟಿಗೆಗಳ ಗೋಡೆ. ಕ್ಯಾಮೆರಾ ತಂದ ಪತ್ರಿಕೆಯವನೊಬ್ಬ. ದೇವಿದಾಸರು ಬುಟ್ಟಿ ಹಿಡಿದ ಹೆಂಗಸನ್ನು ಕಂಡವರೇ ಕೈ ಜೋಡಿಸಿದರು. “ಬನ್ನಿ ಬನ್ನಿ, ಯೋಧನ ತಾಯಿ! ಶಾಲು ತನ್ನಿ. ಫೋಟೋ ತೆಗೀರಿ.”

“ಶಾಲು ಇರ್ಲಿ. ನನ್ನ ಶೆಟ್ಲಿ ಎಲ್ಲಿ?”

ದೇವಿದಾಸರಿಗೆ ಅರ್ಥವಾಗಲಿಲ್ಲ. ಪೆಟ್ಟಿಗೆಗೆ ಅಂಟು ಪಟ್ಟಿ ಹಚ್ಚುತ್ತಿದ್ದ ಕಾರ್ಯದರ್ಶಿ ವೈಜಯಂತಿ ಬಾಯಿಗೆ ಅರ್ಥವಾಯಿತು. ಅವರು ನಿವೃತ್ತ ಶಿಕ್ಷಕಿ, ಸುಳ್ಳು ಹೇಳಿ ಅಭ್ಯಾಸವಿಲ್ಲದವರು. “ಮನೆಯವರು ಕೊಟ್ಟ ಪೊಟ್ಟಣ ಎಲ್ಲ ಬಿಚ್ಚಿದ್ವು,” ಎಂದರು. “ಎಲ್ಲ ಯೋಧರಿಗೂ ಒಂದೇ ತರ ಇರಬೇಕು ಅಂತ ಅಧ್ಯಕ್ಷರ ಮಾತು. ನಿಮ್ಮದು ವಾಸನೆ ಬರ್ತಿತ್ತು. ಲಾಡಿಗೆ ಹತ್ತಿದ್ರೆ ಅಂತ ತೆಗೆದ್ವು. ನಿಮ್ಮ ಕಾಗದಕ್ಕೂ ವಾಸನೆ ಹಿಡಿದಿತ್ತು, ಅದಕ್ಕೇ ಅದನ್ನೂ.”

“ಹೊರಗೆ ಚೆಲ್ಲಿದ್ರೋ?”

ವೈಜಯಂತಿ ಬಾಯಿ ದೇವಿದಾಸರ ಕಡೆ ನೋಡಿದರು. ದೇವಿದಾಸರು ಫ್ಯಾನಿನ ಕಡೆ ನೋಡಿದರು.

“ಅನ್ನ ದೇವರು, ಚೆಲ್ಲಬಾರದು ಅಂತ…” ಎಂದು ಶುರುಮಾಡಿದರು ಅಧ್ಯಕ್ಷರು.

“ಎರಡು ದಿನ ಮಧ್ಯಾಹ್ನ ಗಂಜಿಗೆ ಹುರಿದು ತಿಂದ್ರು,” ಎಂದರು ವೈಜಯಂತಿ ಬಾಯಿ, ಪಟ್ಟಿಯನ್ನು ಹಲ್ಲಿನಿಂದ ಹರಿಯುತ್ತ. “ಭಾಳ ಚೊಲೋ ಆಗ್ಯದೆ ಅಂದ್ರು.”

ಲಾಡಿನ ಪಕ್ಕ ನಾರುತ್ತಿದ್ದದ್ದು ಗಂಜಿಯ ಪಕ್ಕ ಘಮಘಮಿಸಿದ ಬಗೆ ರೂಪೇಶನಿಗೆ ನಿಚ್ಚಳವಾಯಿತು. ಆದರೆ ಅವನು ಬಾಯಿ ತೆರೆಯುವ ಮೊದಲೇ ಹೀರಕ್ಕ ಅವನ ಕಂಕುಳಿಂದ ಕಟ್ಟನ್ನು ಕಿತ್ತು ಮೇಜಿನ ಮೇಲೆ ಬಡಿದಳು.

“ಕೂರು. ಪೆನ್ನು ತೆಗಿ. ಆ ಸಾಲು ಕಾಟು ಹೊಡಿ.”

“ಐನೂರಕ್ಕೂ?”

“ಐನೂರು ಆಯಿಯಂದ್ರು ಇಲ್ವೋ?”

ರೂಪೇಶ ಕೂತ. ಮೊದಲನೆಯ ಪ್ರತಿಯಲ್ಲಿ ತನ್ನ ಜೀವಮಾನದ ಶ್ರೇಷ್ಠ ಸಾಲಿನ ಮೇಲೆ ಗೀಟು ಎಳೆದ. ನೋವಾಗಬಹುದು ಎಂದುಕೊಂಡಿದ್ದ, ಆಗಲಿಲ್ಲ. ಎರಡನೆಯದಕ್ಕೆ ಎಳೆದ. ಹತ್ತನೆಯದರ ಹೊತ್ತಿಗೆ ಪೆನ್ನು ಕಾಗದವನ್ನು ಹರಿಯುವಷ್ಟು ಒತ್ತುತ್ತಿತ್ತು. ವೈಜಯಂತಿ ಬಾಯಿ ಅಂಟು ಪಟ್ಟಿ ಬದಿಗಿಟ್ಟು, ತಮ್ಮ ಕೆಂಪು ಪೆನ್ನು ತೆಗೆದು, ಕಟ್ಟಿನ ಇನ್ನೊಂದು ತುದಿಯಿಂದ ಶುರುಮಾಡಿದರು.

ದೇವಿದಾಸರು ಮೇಜಿನತ್ತ ನುಗ್ಗಿದರು. “ಏನು ನಡೆಸಿದ್ದೀರಿ? ಭಾರತಮಾತೆಯ ಹೆಸರಿಗೆ ಗೀಟು ಹೊಡೀತೀರಾ? ನಮ್ಮ ಸೇವೆಗೆ ಇದಾ ಬೆಲೆ?”

“ಆ ತಾಯಿಗೆ ನನ್ನ ನಮಸ್ಕಾರ,” ಎಂದಳು ಹೀರಕ್ಕ. “ಅವಳ ಹೆಸ್ರು ಹೇಳಿ ನನ್ನ ಕೊಂದದ್ದು ನೀವು. ನನ್ನ ಮಗ ತಲೆ ಬೋಳಿಸ್ಕಂಡಿದ. ಅಲ್ಲಿ ಕೈಲಿ ಬಂದೂಕು ಹಿಡ್ಕಂಡು, ಆಯಿ ಸತ್ಳು ಅಂತ ಮರಳಲ್ಲಿ ಕುಂತ್ಕಂಡಿದ. ನೀವು ಇಲ್ಲಿ ಹಲ್ಲು ಕಿಸ್ಕಂತ ಫೋಟೋ ತೆಗಿಸ್ತ್ರಿ.”

ಪತ್ರಿಕೆಯವನು ಕ್ಯಾಮೆರಾ ಕೆಳಗಿಳಿಸಿ ಕಾಗದ ಪೆನ್ನು ತೆಗೆದ. ಅದನ್ನು ಕಂಡದ್ದೇ ದೇವಿದಾಸರಿಗೆ ಭಾಷಣದ ದನಿ ವಾಪಸ್ಸು ಬಂತು. ಎದೆ ಮುಂದೆ ಮಾಡಿ, ಎಲ್ಲರಿಗೂ ಕೇಳುವಂತೆ, ಉತ್ತರ ಹೇಳಿದರೂ ಕಷ್ಟ ಹೇಳದಿದ್ದರೂ ಕಷ್ಟ ಎನ್ನುವಂಥ ಪ್ರಶ್ನೆ ಒಗೆದರು.

“ಒಂದು ಮುಷ್ಟಿ ಒಣ ಮೀನಿಗೆ ಇಷ್ಟು ರಂಪ! ಬಾಯೀ, ಇಲ್ಲೇ ಹೇಳಿಬಿಡಿ, ಎಲ್ಲರೂ ಕೇಳಲಿ. ನಿಮಗೆ ದೇಶ ದೊಡ್ಡದೋ, ನಿಮ್ಮ ಶೆಟ್ಲಿ ದೊಡ್ಡದೋ?”

ರೂಪೇಶನ ಪೆನ್ನು ನಿಂತಿತು. ಹೀರಕ್ಕ ಬುಟ್ಟಿಯನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು.

“ದೇಶ ದೊಡ್ದು,” ಎಂದಳು. “ಅದ್ಕೇ ತವರು ಕೊಟ್ಟೆ, ಮಗನ್ನ ಕೊಟ್ಟೆ. ಶೆಟ್ಲಿ ನಿಮ್ಗೆ ಕೊಟ್ಟದ್ದಲ್ಲ.”