ಬೆಳ್ಳುಳ್ಳಿ ವಾಸನೆಯ ಕಾಡು

ಆಸ್ಟ್ರೇಲಿಯಾದ ಪರ್ತಿನಲ್ಲಿ, ವಿಲೆಟನ್ ಬಡಾವಣೆಯ ನಮ್ಮ ಮನೆಯ ಹಿಂದೆ ಕೂತು ಕರಿಬೇವು ಬಿಡಿಸುತ್ತಿದ್ದಾಗ ತಂಗಿಯ ಗಂಡ ಇಂಗ್ಲೆಂಡಿನಿಂದ ಫೋನ್ ಮಾಡಿದರು. ದಿನ ತುಂಬುವ ಮೂರು ವಾರ ಮುಂಚೆಯೇ ಹೆರಿಗೆಯಾಗಿದೆ, ಹೆಣ್ಣು ಮಗು ಅಂತ. ಬಿಡಿಸಿದ ಎಲೆಯೆಲ್ಲ ಮಡಿಲಲ್ಲಿತ್ತು. ದೇವರಿಗೆ ಕೈಮುಗಿಯಲು ಎದ್ದವಳು ಅದನ್ನೆಲ್ಲ ನೆಲಕ್ಕೆ ಚೆಲ್ಲಿದೆ.

ಮೈಸೂರಿನಲ್ಲಿದ್ದ ಅಮ್ಮನಿಗೆ ವೀಸಾ ಇನ್ನೂ ಬಂದಿರಲಿಲ್ಲ. ನನ್ನ ಪಾಸ್‌ಪೋರ್ಟಿನ ಮೇಲೆ ಕಾಂಗರೂ ಇದ್ದುದರಿಂದ ಆ ತಾಪತ್ರಯವಿರಲಿಲ್ಲ. ಹಳೆಯ ಪಾಸ್‌ಪೋರ್ಟ್ ಬಿಟ್ಟುಕೊಡುವಾಗ ಅತ್ತಿದ್ದೆ. ಹೊಸದು ಯಾತಕ್ಕೆ ಒದಗುತ್ತದೆ ಅಂತ ದೇವರಿಗೆ ಆಗಲೇ ಗೊತ್ತಿತ್ತೋ ಏನೋ. ನಮ್ಮ ಯಜಮಾನರು, "ಹೋಗಿ ಬಾ, ನಾನೂ ಮಗಳೂ ಟೋಸ್ಟ್ ತಿನ್ಕೊಂಡು ಬದುಕ್ತೀವಿ" ಅಂದರು. ಎರಡು ವಾರದಲ್ಲಿ ಹೊರಟೆ.

ಹೋಗಿ ನೋಡಿದರೆ ತಂಗಿ ಸೊರಗಿದ್ದಳು. ಹಾಲು ಸಾಲುತ್ತಿರಲಿಲ್ಲ. ಮಗುವಿನ ತೂಕ ಇಳಿದದ್ದು ಮತ್ತೆ ಏರುತ್ತಲೇ ಇರಲಿಲ್ಲ. ಮನೆಗೆ ಬಂದು ತೂಗುವ ನರ್ಸಮ್ಮ ಅವತ್ತು ಸೋಮವಾರ, "ಗುರುವಾರ ಮತ್ತೆ ನೋಡೋಣ, ಆಗಲೂ ಏರದಿದ್ದರೆ ಆಸ್ಪತ್ರೆಗೆ ಸೇರಿಸಬೇಕಾದೀತು" ಎಂದು ಹೇಳಿ ಹೋದರು.

ನಮ್ಮ ಮನೆತನದಲ್ಲಿ ಬೆಳ್ಳುಳ್ಳಿ ಒಳಗೆ ಬರುವುದಿಲ್ಲ. ಬಾಣಂತಿಗೆ ಮಾತ್ರ ಅದು ಔಷಧಿ, ಕೊಡಬಹುದು. ತುಪ್ಪದಲ್ಲಿ ಹುರಿದು ಕೊಟ್ಟೆ, ಸಾರಿಗೆ ಹಾಕಿ ಕೊಟ್ಟೆ. ಅವಳು ತಟ್ಟೆ ತಳ್ಳಿದಳು.

"ಅಕ್ಕ, ನೀನು ಮೂಗು ಮುಚ್ಕೊಂಡು ಮಾಡ್ತೀಯ, ನಾನು ಮೂಗು ಮುಚ್ಕೊಂಡು ತಿನ್ಬೇಕು. ನನ್ ಕೈಲಾಗಲ್ಲ."

ಬಾಣಂತಿ ಸ್ವಲ್ಪ ನಡೆದಾಡಲಿ ಅಂತ ನರ್ಸಮ್ಮ ಹೇಳಿದ್ದರು. ಅವತ್ತೇ ಸಂಜೆ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್ ಕಟ್ಟಿ ಹೊರಡಿಸಿದೆ. ಅವರ ಬೀದಿಯ ಕೊನೆಯಲ್ಲೇ ಒಂದು ಕಾಡು. ಕಾಡು ಅಂದರೆ ಹುಲಿ ಇರುವಂಥದ್ದಲ್ಲ, ಮಗುವಿನ ಗಾಡಿ ತಳ್ಳಿಕೊಂಡು ಹೋಗುವಂಥದ್ದು. ಬಹಳ ಹಳೆಯದು, ಇಲ್ಲಿನವೇ ಮರಗಳು ಅಂತ ಬಾಗಿಲಲ್ಲಿ ಬೋರ್ಡಿತ್ತು. ಪರ್ತಿನಲ್ಲಿ ನಮ್ಮ ಮನೆ ಹತ್ತಿರದ ಬುಷ್‌ಲ್ಯಾಂಡ್ ಅನ್ನುವ ಕುರುಚಲು ಕಾಡಿನ ಮರಗಳು ಎಲೆಗಿಂತ ಹೆಚ್ಚಾಗಿ ತೊಗಟೆ ಉದುರಿಸುತ್ತವೆ, ನೆರಳು ಕೊಡಲು ಲೆಕ್ಕಾಚಾರ ಮಾಡುತ್ತವೆ. ಇಲ್ಲಿ ಏಪ್ರಿಲ್ ಕೊನೆಯಾದರೂ ಕೊಂಬೆಗಳಲ್ಲಿ ಎಲೆ ಈಗಷ್ಟೇ ಕಣ್ಣು ಬಿಡುತ್ತಿತ್ತು. ಹಸಿರೆಲ್ಲ ನೆಲದ ಮೇಲೆ. ಅಗಲ ಎಲೆ, ನಡುನಡುವೆ ನಕ್ಷತ್ರದಂಥ ಬಿಳಿ ಹೂವು, ಇಳಿಜಾರಿನ ಉದ್ದಕ್ಕೂ ಹಾಸಿಬಿಟ್ಟಿತ್ತು.

ಘಮ್ಮೆಂದು ಒಗ್ಗರಣೆ ವಾಸನೆ ಬಂತು. ಸುತ್ತ ನೋಡಿದೆ, ಒಂದು ಮನೆಯೂ ಕಾಣಲಿಲ್ಲ.

"ಯಾರೇ ಇಲ್ಲಿ ಬೆಳ್ಳುಳ್ಳಿ ಹುರೀತಿರೋದು?"

"ಈ ಎಲೆಗಳೇ ಅಕ್ಕ. ಕಾಡು ಬೆಳ್ಳುಳ್ಳಿ. ಇಲ್ಲಿಯವರು ಕಿತ್ಕೊಂಡು ಹೋಗಿ ಸೂಪ್ ಮಾಡ್ತಾರೆ. ಹೋಯ್ತು ನಿನ್ನ ಮಡಿ, ಕಾಡಿಗೆ ಕಾಡೇ ಬೆಳ್ಳುಳ್ಳಿ." ಹೇಳಿ ಅವಳೇ ಒಂದು ಎಲೆ ಕಿತ್ತು ಮೂಸಿದಳು. "ಇದಾದ್ರೆ ತಿಂತೀನಿ ನೋಡು. ಸೊಪ್ಪಿನ ಥರ ಮಾಡಿಕೊಡು."

ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ಮರುದಿನ ಬೆಳಿಗ್ಗೆ ತಾಯಿ ಮಗು ಮಲಗಿದ್ದಾಗ ಚೀಲ ಹಿಡಿದು ನಾನೊಬ್ಬಳೇ ಹೋದೆ. ಮೊದಲ ಎಲೆಯನ್ನು ತಿಕ್ಕಿ ಮೂಸಿದೆ, ಬೆಳ್ಳುಳ್ಳಿ. ಎರಡನೆಯದೂ ಬೆಳ್ಳುಳ್ಳಿ. ಆಮೇಲೆ ಮೂಸುವುದು ಬಿಟ್ಟು ಹಿಡಿಹಿಡಿಯಾಗಿ ಕೀಳಲು ಶುರು ಮಾಡಿದೆ. ಆದರೂ ಮನಸ್ಸು ಅಳುಕುತ್ತಿತ್ತು. ಪರ್ತಿನಲ್ಲಿ ಕಾಡುಹೂವು ಕೀಳುವ ಹಾಗಿಲ್ಲ, ಒಂದು ಮುಟ್ಟಿದರೂ ಮಗಳು, "ಮಮ್, ಯೂ ಕಾಂಟ್" ಅಂತ ಕೈ ಹಿಡಿಯುತ್ತಾಳೆ.

ಆಗ ಒಬ್ಬ ವಯಸ್ಸಾದ ಹೆಂಗಸು ನಾಯಿ ಹಿಡಿದುಕೊಂಡು ಬಂದರು. ನಾಯಿ ಎಳೆದೆಳೆದು ಓಡಿಸುತ್ತಿತ್ತು. ನನ್ನ ಚೀಲ ನೋಡಿ ನಕ್ಕು, ಹೋಗುತ್ತಲೇ ತಿರುಗಿ, "ಮೈಂಡ್ ದ ಲಾರ್ಡ್ಸ್ ಅಂಡ್ ಲೇಡೀಸ್, ಲವ್" ಅಂದರು.

ಲಾರ್ಡು ಲೇಡಿಯರಿದ್ದಾರೆ, ಜೋಪಾನ ಅಂತ ನನಗೆ ಅರ್ಥವಾಯಿತು. ಇದು ಯಾರೋ ದೊಡ್ಡವರ ಕಾಡು, ಅವರು ಸಂಸಾರ ಸಮೇತ ವಾಕಿಂಗ್ ಬರುವ ಹೊತ್ತು ಅಂದುಕೊಂಡೆ. ಚೀಲವನ್ನು ಕೋಟಿನೊಳಗೆ ಸೇರಿಸಿ, ದಾರಿಯ ಪಕ್ಕ ಕೈಕಟ್ಟಿ ನಿಂತೆ. ಅವರ ಉಡುಪು ಹೇಗಿರಬಹುದು, ಗುಡ್ ಮಾರ್ನಿಂಗ್ ಅಂದರೆ ಸಾಕೋ ಇನ್ನೇನಾದರೂ ಹೇಳಬೇಕೋ ಅಂತೆಲ್ಲ ಯೋಚಿಸಿದೆ. ಹತ್ತು ನಿಮಿಷ ನಿಂತರೂ ಒಂದು ಅಳಿಲು ಬಿಟ್ಟರೆ ಯಾರೂ ಬರಲಿಲ್ಲ.

ಮನೆಗೆ ಬಂದು ಸೊಪ್ಪನ್ನು ನೀರಿಗೆ ಹಾಕಿದೆ. ತಂಗಿ ಎದ್ದು ಅಡುಗೆಮನೆಗೆ ಬಂದಳು.

"ನಿಮ್ಮೂರಿನ ಲಾರ್ಡುಗಳು ಬರಲೇ ಇಲ್ಲ ಕಣೇ, ಕಾದು ಕಾದು ಸಾಕಾಯ್ತು."

"ಯಾವ ಲಾರ್ಡು?"

ನಡೆದದ್ದು ಹೇಳಿದೆ. ಅವಳಿಗೂ ಅರ್ಥವಾಗದೆ ಫೋನಿನಲ್ಲಿ ಹುಡುಕಿದಳು. ಹುಡುಕುತ್ತಾ ಹುಡುಕುತ್ತಾ ಅವಳ ಮುಖ ಬದಲಾಯಿತು.

"ಅಕ್ಕ, ಅದು ಒಂದು ಗಿಡದ ಹೆಸರು. ಬೆಳ್ಳುಳ್ಳಿ ಸೊಪ್ಪಿನ ಜೊತೆಗೇ ಬೆಳೆಯತ್ತಂತೆ. ವಿಷ. ಬಾಯಿ ಗಂಟಲೆಲ್ಲ ಉರಿದು ಊದ್ಕೊಳತ್ತಂತೆ."

ಮೂಸಿ ನೋಡೋಣವೆಂದರೆ ನನ್ನ ಕೈಯೇ ಬೆಳ್ಳುಳ್ಳಿಯಾಗಿತ್ತು, ಯಾವ ಎಲೆ ಎತ್ತಿದರೂ ಅದೇ ವಾಸನೆ. ಪೇಪರ್ ಹಾಸಿ ಒಂದೊಂದೇ ಎಲೆ ಹರಡಿದೆವು. ಅರ್ಧ ಮುಗಿದಿತ್ತು, ಒಂದು ಎಲೆ ಸಿಕ್ಕಿತು. ಮಿರಮಿರ ಮಿಂಚುತ್ತಿತ್ತು, ತೊಟ್ಟಿನ ಹತ್ತಿರ ಎರಡು ಕಿವಿ ಹಿಂದಕ್ಕೆ ಬಾಗಿದ್ದವು. ನೋಡಿದ ಕೂಡಲೇ ಗುರುತು ಸಿಕ್ಕಿತು. ಥೇಟ್ ನಮ್ಮ ಕೆಸುವಿನ ಎಲೆ, ಕೂಸಿನ ಅಳತೆಯದು.

"ಕೆಸು ಕಣೇ ಇದು. ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸಿದರೆ ಕೆರೆತವೆಲ್ಲ ಹೋಗತ್ತೆ" ಅಂದುಬಿಟ್ಟೆ. ಇಪ್ಪತ್ತು ವರ್ಷ ಒಲೆ ಮುಂದೆ ನಿಂತವಳ ಜಂಬ, ಮತ್ತೇನು.

ಒಳಗೆ ಮಗು ಅಳಲು ಶುರು ಮಾಡಿತು, ತಂಗಿ ಆ ಕಡೆ ನೋಡಿದಳು, ಅಷ್ಟೇ ಸಾಕಾಯಿತು. ನಾನು ಪೇಪರನ್ನು ನಾಲ್ಕೂ ಮೂಲೆ ಸೇರಿಸಿ ಮುದುರಿ, ಒಳ್ಳೆಯದು ಕೆಟ್ಟದ್ದು ಎಲ್ಲವನ್ನೂ ಕಸದ ಡಬ್ಬಿಗೆ ಹಾಕಿ, ಪಾತ್ರೆಯನ್ನು ಎರಡು ಸಲ ತಿಕ್ಕಿದೆ.

ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದ ನಗು ಕೇಳಿಸಿತು. "ಕೈಕಟ್ಟಿ ನಿಂತಿದ್ಯಾ ಅಕ್ಕ, ನಿಜವಾಗ್ಲೂ?" ಹಾಲು ಕುಡಿಸುತ್ತಲೇ ನಗುತ್ತಿದ್ದಳು. ನಾನು ಬಂದಮೇಲೆ ಅವಳು ನಕ್ಕದ್ದು ಅದೇ ಮೊದಲು. ಆ ಮಧ್ಯಾಹ್ನ, ನನ್ನ ಮಗಳ ಮಾತಿನಲ್ಲಿ ಆರ್ವೋ, ತಾಯಿ ಮಗು ಮೂರು ಗಂಟೆ ನಿದ್ದೆ ಮಾಡಿದರು. ರಾತ್ರಿ ಅಂಗಡಿಯ ಬೆಳ್ಳುಳ್ಳಿಯನ್ನೇ ಸಬ್ಬಸಿಗೆ ಸೊಪ್ಪಿನೊಳಗೆ ಕಾಣದಂತೆ ಅರೆದು ಹಾಕಿದೆ, ತಟ್ಟೆ ತಳ್ಳದೆ ತಿಂದಳು.

ಬುಧವಾರ ಬರಿಗೈಯಲ್ಲಿ ಮತ್ತೆ ಕಾಡಿಗೆ ಹೋದೆ. ನಾಯಿ ಹಿಡಿದು ಬಂದಿದ್ದ ಆ ಅಮ್ಮನಿಗೆ ಥ್ಯಾಂಕ್ಸ್ ಹೇಳಬೇಕಿತ್ತು, ಸಿಗಲಿಲ್ಲ. ಲಾರ್ಡು ಲೇಡಿಯರನ್ನು ಮಾತ್ರ ಬಗ್ಗಿ ಕಣ್ತುಂಬ ನೋಡಿದೆ. ಒಂದು ಗಿಡದಲ್ಲಿ ಹೂವೂ ಬಂದಿತ್ತು. ತಿಳಿಹಸಿರು ಪ್ರಭಾವಳಿ, ಅದರ ಮುಂದೆ ಕಂದುಬಣ್ಣದ ಕಡ್ಡಿಯೊಂದು ಮೂರ್ತಿಯ ಹಾಗೆ ನಿಂತಿತ್ತು. ವಿಷಕ್ಕೂ ದೇವರು ಇಷ್ಟು ಅಚ್ಚುಕಟ್ಟಾಗಿ ಮಂಟಪ ಕಟ್ಟಿಕೊಟ್ಟಿದ್ದಾನಲ್ಲ ಅಂತ ಆಶ್ಚರ್ಯವಾಯಿತು. ಯಾತಕ್ಕೆ ಅಂತ ನನಗೆ ಈಗಲೂ ಹೊಳೆದಿಲ್ಲ.

ಗುರುವಾರ ನರ್ಸಮ್ಮ ಮಗುವಿನ ಬಟ್ಟೆ ಬಿಚ್ಚಿ ತಕ್ಕಡಿಯಲ್ಲಿ ಮಲಗಿಸಿದರು. ತಂಗಿ ನನ್ನ ಸೆರಗು ಹಿಡಿದುಕೊಂಡಿದ್ದಳು. ಅಂಕಿ ಅತ್ತಿತ್ತ ಆಡಿ ನಿಂತಿತು. ತೊಂಬತ್ತು ಗ್ರಾಂ ಏರಿತ್ತು.

"ಆಸ್ಪತ್ರೆ ಬೇಡ. ಮುಂದಿನ ವಾರ ಇನ್ನೊಂದು ಸಲ ತೂಗೋಣ" ಅಂದರು ನರ್ಸಮ್ಮ.

ಮಗು ತಕ್ಕಡಿಯ ಮೇಲೇ ಉಚ್ಚೆ ಮಾಡಿತು. ನಾನು ಅದನ್ನು ಎತ್ತಿ ತಾಯಿಯ ಕೈಗೆ ಕೊಟ್ಟು, ಸ್ನಾನಕ್ಕೆ ನೀರು ಹದ ಮಾಡಲು ಬಚ್ಚಲಿಗೆ ಹೋದೆ.