ಬೋಟಿಗೆ ಕಟ್ಟಿದ ನಿಂಬೆಹಣ್ಣು

ಬೋಟಿಗೆ ಯಾರ ಕಣ್ಣೂ ಬಿದ್ದಿರಲಿಲ್ಲ. ಪೈಪಿನೊಳಗೆ ಗಾಳಿ ಹೊಕ್ಕಿತ್ತು, ಅಷ್ಟೇ. ಆ ಗಾಳಿಗೆ ಬಾಗಿಲು ತೆರೆದವಳು ನಾನು. ಕಣ್ಣು ಬೀಳದಿರಲಿ ಎಂದು ಕಟ್ಟಿದ ನಿಂಬೆಹಣ್ಣಿನ ದಾರದಿಂದಲೇ ಅದು ಒಳಗೆ ಬಂತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಮುಚ್ಚಿಟ್ಟು ಆಮೇಲೆ ಬಿಚ್ಚುವ ಜಾಣತನ ನನಗಿಲ್ಲ. ಇದ್ದರೂ ಊರೆಲ್ಲ ಆಡಿಕೊಂಡು ನಕ್ಕ ಮೇಲೆ ಮುಚ್ಚಿಡಲು ಏನುಳಿದಿದೆ?

ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು. ತವರು ಆಳಂದ ಕಡೆಯ ಕಿಣ್ಣಿ ಸುಲ್ತಾನ. ಅಲ್ಲಿ ನೀರೆಂದರೆ ಬಾವಿಯೊಳಗೆ ತೆಪ್ಪಗೆ ಇರುವಂಥದ್ದು; ನಾವು ಹಗ್ಗ ಬಿಟ್ಟು ಕರೆದರೆ ಮೇಲೆ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಮದುವೆಯಾಗಿ ಬಂದದ್ದು ಅಫಜಲಪುರ ತಾಲೂಕಿನ ಹೊಳೆದಂಡೆಯ ಊರಿಗೆ. ಇಲ್ಲಿ ಭೀಮಾ ಹೊಳೆ ಹಗಲೂ ರಾತ್ರಿ ಎಲ್ಲಿಗೋ ಹೊರಟೇ ಇರುತ್ತದೆ. ಆಚೆ ದಂಡೆ ಜೇವರ್ಗಿ ತಾಲೂಕು. ನಮ್ಮೂರಿನ ಅರ್ಧ ಮಂದಿಯ ಹೊಲ, ಮುಕ್ಕಾಲು ಮಂದಿಯ ಬೀಗರು ಅಲ್ಲೇ. ಇಷ್ಟು ವರ್ಷವಾದರೂ ನಾನು ಆಚೆ ಹೋದದ್ದು ಬಸ್ಸಿನಲ್ಲಿ, ಸೇತುವೆ ಸುತ್ತಿಕೊಂಡು. ಬೀಗರ ಮನೆಯ ರೊಟ್ಟಿ ಆರಿದರೂ ಆರಲಿ, ನೀರಿನ ಮೇಲೆ ಕೂಡುವವಳಲ್ಲ ಎಂದು ಹೇಳಿಕೊಂಡೇ ತಿರುಗಿದೆ. ಅದನ್ನು ಯಾರೂ ಹೆದರಿಕೆ ಎಂದು ತಿಳಿಯಲಿಲ್ಲ, ಯಾಕೆಂದರೆ ಜೋರಾಗಿ ಹೇಳುತ್ತಿದ್ದೆ.

ನಾನು ಬಾರಿಸುತ್ತಲೇ ಇರುವ ಗಂಟೆಯಾದರೆ ಮೊಮ್ಮಗಳು ಭಾಗ್ಯಾ ಬೇರೆ ಜಾತಿ. ಗದ್ದಲ ಕಡಿಮೆ, ಕೆಲಸ ಹೆಚ್ಚು. ಟ್ರ್ಯಾಕ್ಟರ್ ಹೊಡೆಯುತ್ತಾಳೆ. ಹೋದ ವರ್ಷ ಯಾರೋ ಬಳಸಿ ಬಿಟ್ಟ ಮೋಟಾರು ಬೋಟೊಂದನ್ನು ತಂದು ದಂಡೆಗೆ ನಿಲ್ಲಿಸಿ, ಮಂದಿಯನ್ನು ಆಚೆ ಈಚೆ ದಾಟಿಸುವ ಕೆಲಸ ತನಗೆ ಬೇಕು ಎಂದಳು. ಕೊಡುವುದು ಬಿಡುವುದು ಪಂಚಾಯಿತಿಯವರ ಕೈಯಲ್ಲಿ. ಹುಡುಗಿ ಒಮ್ಮೆ ನಮ್ಮೆದುರಿಗೆ ಆಚೆ ದಂಡೆ ಮುಟ್ಟಿ ನೆಟ್ಟಗೆ ತಿರುಗಿ ಬರಲಿ, ಆಮೇಲೆ ಮಾತು ಎಂದರು ಅಧ್ಯಕ್ಷರಾದ ಗೌಡರು.

ನೆಟ್ಟಗೆ ಹೋಗಬೇಕೆಂದರೆ ಸ್ಟೇರಿಂಗು ನೆಟ್ಟಗಿರಬೇಕಲ್ಲ. ಹಳೆಯದು ತಂತಿಯದು, ತುಕ್ಕು ತಿಂದು ಬಿಗಿದುಕೊಂಡಿತ್ತು. ಅದನ್ನು ಕಿತ್ತು, ಎಣ್ಣೆಯ ಬಲದ ಮೇಲೆ ತಿರುಗುವ ಹೊಸ ಸ್ಟೇರಿಂಗನ್ನು ಭಾಗ್ಯಾ ಮತ್ತು ಅತನೂರಿನ ಟ್ರ್ಯಾಕ್ಟರ್ ಮಿಸ್ತ್ರಿ ಮೆಹಬೂಬ ಸೇರಿ ಕೂಡಿಸಿದರು. ನಾನು ಕಲ್ಲಿನ ಮೇಲೆ ಕೂತು ಉಸ್ತುವಾರಿ ಮಾಡಿದೆ. ಉಸ್ತುವಾರಿ ಎಂದರೆ, ಅವರು ಮಾಡುತ್ತಿರುವುದನ್ನು ಅವರಿಗೇ ಹೇಳುವುದು.

ಕೂತು ಕೂತು ನನಗೂ ಒಂದಿಷ್ಟು ತಿಳಿಯಿತು. ಮುಂದೆ ಸ್ಟೇರಿಂಗಿನ ಗಾಲಿ ತಿರುಗಿಸಿದರೆ ಅದರ ಬೆನ್ನಿಗಿರುವ ಪಂಪು ಎಣ್ಣೆಯನ್ನು ದಬ್ಬುತ್ತದೆ. ಎಣ್ಣೆ ಪೈಪಿನಲ್ಲಿ ಓಡಿ ಹಿಂದಿನ ಕೊಳವೆಗೆ ಹೋಗುತ್ತದೆ. ಕೊಳವೆಯೊಳಗಿನಿಂದ ಬೆಳ್ಳಿಯಂಥ ಸರಳೊಂದು ಎಡಕ್ಕೋ ಬಲಕ್ಕೋ ಸರಿದು ಮೋಟಾರಿನ ಮುಖ ತಿರುಗಿಸುತ್ತದೆ. ಇಡೀ ದಾರಿಯಲ್ಲಿ ಎಣ್ಣೆಯೇ ಇರಬೇಕು, ಗಾಳಿ ಇರಬಾರದು. ಎಣ್ಣೆ ತನ್ನನ್ನು ದಬ್ಬಿದರೆ ಮುಂದಿನವರನ್ನು ದಬ್ಬುತ್ತದೆ; ಗಾಳಿ ಹಾಗಲ್ಲ, ಕೆಲಸ ಹೇಳಿದರೆ ಹೂಂ ಎಂದು ಅಲ್ಲೇ ಮುದುಡಿ ಕೂಡುತ್ತದೆ. ನಮ್ಮನೆಯಲ್ಲಿ ಅಂಥವರಿಬ್ಬರು ಇರುವುದರಿಂದ ನನಗೆ ಇದು ಬೇಗ ಅರ್ಥವಾಯಿತು.

ಎಲ್ಲ ಕೂಡಿತು, ಚೆನ್ನಾಗಿ ತಿರುಗಿತು. ಅಲ್ಲಿಗೆ ಎದ್ದು ಮನೆಗೆ ಹೋಗಬೇಕಿತ್ತು ನಾನು. ಹೋದೆ, ಆದರೆ ನಿಂಬೆಹಣ್ಣು ತರಲು.

ಈ ನಿಂಬೆಹಣ್ಣಿನ ವಿಷಯದಲ್ಲಿ ನನ್ನ ಬಾಳು ಎರಡು ದೋಣಿಯ ಮೇಲಿದೆ. ಕೊರಳಲ್ಲಿ ಲಿಂಗ ಕಟ್ಟಿದವರು ನಾವು. ಕಣ್ಣು, ಗಾಳಿ, ಶಕುನ ಯಾವುದಕ್ಕೂ ಅಂಜಬಾರದು ಎಂದು ಮಠದ ಅಪ್ಪನವರು ಹೇಳುವಾಗ ಎಲ್ಲರಿಗಿಂತ ಮುಂದೆ ಕೂತು ತಲೆ ಆಡಿಸುತ್ತೇನೆ. ಮನೆಗೆ ಬಂದು ಟ್ರ್ಯಾಕ್ಟರಿಗೆ ಕಟ್ಟುತ್ತೇನೆ, ಜೋಳದ ರಾಶಿ ಮಾಡುವ ಮಷಿನ್ನಿಗೆ ಕಟ್ಟುತ್ತೇನೆ. ಫ್ರಿಜ್ಜಿನ ಹಿಡಿಕೆಗೆ ಕಟ್ಟಿದಾಗ ಹಾಲು ಬೇಕಾದವರೆಲ್ಲ ನಿಂಬೆಹಣ್ಣಿನ ಕೈ ಕುಲುಕಿ ಹಾಲು ತರುತ್ತಿದ್ದರು. ಹೊಸದಾಗಿ ಬಂದವುಗಳಲ್ಲಿ ಸೊಸೆಗೊಂದೇ ಕಟ್ಟಲಿಲ್ಲ, ಅದೂ ಅವಳು ಒಪ್ಪಲಿಲ್ಲವೆಂದು.

“ಆಯಿ, ಗಾಲಿಗೆ ಕಟ್ಟಬ್ಯಾಡ ಮತ್ತ, ಕೈಗೆ ತೊಡರ್ತದ,” ಎಂದಳು ಭಾಗ್ಯಾ.

ಕಟ್ಟಲಿಲ್ಲ. ಅಷ್ಟು ತಿಳಿವಳಿಕೆ ನನಗೂ ಇದೆ. ಅವರಿಬ್ಬರೂ ಹೋದ ಮೇಲೆ ಯಾರ ಕೈಯೂ ತಾಗದ ಜಾಗ ಹುಡುಕಿದೆ. ದಂಡೆಗೆ ಎಳೆದಿಟ್ಟ ಬೋಟಿನ ಹಿಂದೆ ಆ ಬೆಳ್ಳಿಯಂಥ ಸರಳು ಹೊಳೆಯುತ್ತಿತ್ತು. ಅದಕ್ಕೆ ವಿಭೂತಿ ಬಳಿದು, ಕುಂಕುಮವಿಟ್ಟು, ನಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿದ ಕರಿ ದಾರವನ್ನು ಸುತ್ತಿ ಗಂಟು ಬಿಗಿದೆ. ಇಡೀ ಬೋಟಿನಲ್ಲಿ ಕಟ್ಟಬಾರದ ಜಾಗ ಅದೊಂದೇ ಇತ್ತು, ಅದನ್ನೇ ಸರಿಯಾಗಿ ಆರಿಸಿದೆ.

ಮರುದಿನ ಪಂಚಾಯಿತಿಯವರು ದಂಡೆಗೆ ಬಂದರು. ಹೋಗುವಾಗ ಬೋಟು ಚೆನ್ನಾಗಿಯೇ ಹೋಯಿತು. ಆಚೆ ದಂಡೆ ಮುಟ್ಟಿ ತಿರುಗುವಾಗ ನೋಡುತ್ತೇವೆ, ಹುಡುಗಿ ಗಾಲಿ ತಿರುಗಿಸುತ್ತಿದ್ದಾಳೆ, ಬೋಟು ತಿರುಗುತ್ತಿಲ್ಲ. ಕುಡಿದವನ ಹಾಗೆ ಅಡ್ಡಡ್ಡ ಬಂದು ನಮ್ಮ ದಂಡೆಯ ಆಪಿನ ಜೊಂಡುಹುಲ್ಲಿನಲ್ಲಿ ಮೂತಿ ತುರುಕಿ ನಿಂತಿತು.

“ಹೆಣ್ಣುಡುಗಿ ಕೈಯಾಗ ಹೊಳಿ ಕೊಟ್ರ ಹಿಂಗೇ ನೋಡ್ರಿ,” ಎಂದರು ಗೌಡರು.

ನಾನು ಸುಮ್ಮನಿರಬೇಕೋ ಬೇಡವೋ? “ಹೌದ್ರಿ ಗೌಡ್ರ, ಅಕಿ ಕೈಯಾಗ ಕಸುವಿಲ್ಲ, ನಾ ಮೊದಲೇ ಹೇಳಿದ್ದೆ,” ಎಂದೆ. ಮೊದಲು ಹೇಳಿರಲಿಲ್ಲ. ನಾಲ್ಕು ಜನ ತಲೆ ಆಡಿಸುವಾಗ ನಂದೊಂದು ತಲೆ ಇರಲಿ ಎಂದು ಹೇಳಿದೆ. ಭಾಗ್ಯಾ ಕೇಳಿಸಿಕೊಂಡಳು. ನಾಳೆ ಮುಂಜಾನೆ ಇನ್ನೊಂದು ಸಲ ಬನ್ನಿರಿ ಎಂದಷ್ಟೇ ಗೌಡರನ್ನು ಕೇಳಿಕೊಂಡಳು.

ಮಧ್ಯಾಹ್ನ ಮೆಹಬೂಬನೂ ಅವಳೂ ಮುಂದಿನ ಪಂಪಿನಿಂದ ಹಿಡಿದು ಒಂದೊಂದೇ ಜೋಡಣೆ ಒರೆಸಿ ನೋಡುತ್ತ ಬಂದರು. ಎಲ್ಲೂ ಎಣ್ಣೆಯ ಪಸೆ ಇಲ್ಲ. ಹಿಂದೆ ಬಂದರೆ ನೀರಿನ ಮೇಲೆ ಬಣ್ಣ ಬಣ್ಣದ ಎಣ್ಣೆ ತೇಲುತ್ತಿತ್ತು. ಸರಳು ಕೊಳವೆಯೊಳಗೆ ಹೋಗುವ ಬಾಯಿಗೆ ರಬ್ಬರಿನ ಸೀಲು ಇರುತ್ತದೆ. ಆ ಸೀಲಿನ ತುಟಿ ಹರಿದಿತ್ತು, ಹರಿದ ತುಟಿಯಲ್ಲಿ ಕರಿ ದಾರ. ಸರಳು ಒಳಗೆ ಸರಿದಾಗಲೆಲ್ಲ ದಾರವನ್ನೂ ವಿಭೂತಿಯನ್ನೂ ಎಳೆದುಕೊಂಡು ಹೋಗಿತ್ತು. ಎಣ್ಣೆ ಹೊರಗೆ, ಗಾಳಿ ಒಳಗೆ.

“ಇದ್ಯಾರ ದಾರ?” ಎಂದಳು ಭಾಗ್ಯಾ.

“ಇಲಿ ತಂದಿರಬೇಕು,” ಎಂದೆ.

“ಇಲಿ ಗಂಟು ಹಾಕ್ತದ ಏನ್ ಆಯಿ?”

ಮೆಹಬೂಬ ಇನ್ನೊಂದು ತುದಿಗೆ ನೇತಾಡುತ್ತಿದ್ದ ಮೆಣಸಿನಕಾಯಿ ಎತ್ತಿ ತೋರಿಸಿದ. “ಖಾರ ತಿನ್ನೋ ಇಲಿ ಕಾಣ್ತದ ಬಿಡ್ರಿ ಅಮ್ಮಾ,” ಎಂದ.

ಸ್ಟೇರಿಂಗಿನ ಜೊತೆಗೇ ಬಂದಿದ್ದ ಇನ್ನೊಂದು ಸೀಲು ಪೆಟ್ಟಿಗೆಯಲ್ಲಿತ್ತು, ಪುಣ್ಯ. ಅದನ್ನು ಹಾಕಿದ ಮೇಲೆ ಗಾಳಿ ಹೊರಡಿಸುವ ಕೆಲಸ. ಭಾಗ್ಯಾ ಹಿಂದೆ ಕೂತು ಕೊಳವೆಯ ಸಣ್ಣ ಸ್ಕ್ರೂ ಸಡಿಲಿಸಿ ಬಾಟಲಿ ಹಿಡಿದಳು, ಮೆಹಬೂಬ ಮುಂದೆ ಎಣ್ಣೆ ಸುರಿಯುತ್ತ ನಿಂತ. ಗಾಲಿ ತಿರುಗಿಸಲು ಉಳಿದವಳು ನಾನೇ. ಬೋಟನ್ನು ಆಗಲೇ ದಂಡೆಯ ಮೇಲೆ ಎಳೆದು ಹಾಕಿದ್ದರಿಂದ ಅಂಜದೆ ಹತ್ತಿದೆ.

“ಎಡಕ್ಕ ತಿರುವು ಆಯಿ! ನಿಲ್ಲಬ್ಯಾಡ! ಕಸುವಿಲ್ಲೇನು ಕೈಯಾಗ?” ಎಂದು ಹಿಂದಿನಿಂದ ಕೂಗಿದಳು ಭಾಗ್ಯಾ.

ಬೇಕೆಂದೇ ಅಂದಳು. ತಿರುವಿದೆ. ಮೊದಲು ಮಜ್ಜಿಗೆಯಂತೆ ಬೆಳ್ಳಗೆ ಗುಳ್ಳೆ ಗುಳ್ಳೆಯಾಗಿ ಬಂದ ಎಣ್ಣೆ, ಎಡಕ್ಕೂ ಬಲಕ್ಕೂ ತಿರುವಿ ತಿರುವಿ ನನ್ನ ರಟ್ಟೆ ಬಿದ್ದುಹೋಗುವ ಹೊತ್ತಿಗೆ ತಿಳಿಯಾಯಿತು. ಗಾಲಿ ಕೈಗೆ ಬಿಗಿಯಾಗಿ ಸಿಕ್ಕಿತು. ನನ್ನೊಳಗಿನ ಗಾಳಿಯೂ ಒಂದಿಷ್ಟು ಹೋಗಿರಬೇಕು. ಮನೆಗೆ ಬರುವಾಗ ಉಸ್ತುವಾರಿ ಬಿಟ್ಟು ಎಣ್ಣೆಯ ಡಬ್ಬಿ ಹೊತ್ತೆ.

ಮರುದಿನ ಮುಂಜಾನೆ ಎದ್ದು ಗಿಡದಿಂದ ಒಂದು ನಿಂಬೆಹಣ್ಣು ಹರಿದೆ. ರೂಢಿ ನೋಡಿ, ಕೈ ಕೇಳುವುದಿಲ್ಲ. ದಾರ ಪೋಣಿಸುವಾಗ ನೆನಪಾಗಿ ದಾರ ಎಸೆದು, ಹಣ್ಣನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ನನ್ನಲ್ಲಿ ಒಳಗೆ ಹೊರಗೆ ಸರಿಯುವ ಭಾಗವೆಂದರೆ ನಾಲಿಗೆಯೊಂದೇ, ಅದು ಸೆರಗಿನಿಂದ ದೂರವಿದೆ.

ದಂಡೆಯಲ್ಲಿ ಎಲ್ಲರೂ ಇದ್ದರು. ಬೋಟು ಹತ್ತುವವರು ಯಾರೂ ಇರಲಿಲ್ಲ.

“ಗೌಡ್ರ, ಕೈ ಅಕೀದು ಸರಿ ಅದ. ಹಾಳ ಮಾಡಿದ್ದು ನನ್ನ ದಾರ,” ಎಂದು, ನಿನ್ನೆಯಷ್ಟೇ ಜೋರಾಗಿ ಹೇಳಿದೆ. ಭಾಗ್ಯಾ ತೇಲುವ ಜಾಕೀಟನ್ನು ನನಗೆ ತೊಡಿಸಿದಳು. ಕಣ್ಣು ಮುಚ್ಚಿ ಬೋಟು ಹತ್ತಿ ಕೂತೆ.

“ಈ ಮುದುಕಿನೇ ಕೂತಳಂದ್ರ ನಮಗೇನಾಗ್ಯದ, ಸರಿ ಬೇ ಆಕಡೆ,” ಎಂದು ಗೌಡರು ಪಕ್ಕದಲ್ಲಿ ಕೂತರು.

ನಡುಹೊಳೆಯಲ್ಲಿ ಭಾಗ್ಯಾ ಗಾಲಿ ತಿರುಗಿಸಿದಳು, ಬೋಟು ಕೊಟ್ಟಿಗೆ ಗೊತ್ತಿರುವ ಆಕಳಂತೆ ತಿರುಗಿತು. ಆಚೆ ದಂಡೆಯಲ್ಲಿ ನನ್ನನ್ನು ಇಳಿಸಿ, ಗೌಡರನ್ನು ಕೂಡಿಸಿಕೊಂಡು ಅವರು ಕೇಳಿದ್ದ ಹಾಗೆಯೇ ನೆಟ್ಟಗೆ ಮರಳಿದಳು. ನಾನು ಬೀಗರ ಮನೆಗೆ ನಡೆದೆ. ರೊಟ್ಟಿ ಹೆಂಚಿನಿಂದ ಆಗಷ್ಟೇ ಇಳಿದಿತ್ತು. ಸೆರಗಿನ ಗಂಟು ಬಿಚ್ಚಿ, ಜಜ್ಜಿದ ಉಳ್ಳಾಗಡ್ಡಿಯ ಮೇಲೆ ನಿಂಬೆಹಣ್ಣು ಹಿಂಡಿಕೊಂಡು ಉಂಡೆ.