ಹುಲ್ಲಿನ ಕಲೆಯೂ ನಮ್ಮ ಮಾವನೂ

ನಮ್ಮ ಮಾವ ತಮ್ಮ ಜನ್ಮದಲ್ಲಿ ಒಂದೇ ಒಂದು ಕಲೆಯನ್ನೂ ತೆಗೆದವರಲ್ಲ, ಮುಚ್ಚಿದವರು. ನಲವತ್ತೊಂದು ವರ್ಷ ಪೇಂಟರ್ ಆಗಿದ್ದ ಮನುಷ್ಯನಿಗೆ ಕಲೆ ಎಂದರೆ ಗೋಡೆಗೆ ಮೆತ್ತುವ ಪುಟ್ಟಿಗೋ ಪ್ರೈಮರ್‌ಗೋ ಕಾದು ಕೂತಿರುವ ಜಾಗ, ಅಷ್ಟೇ. ಗೋಡೆಗೆ ತೇವ ಬಂದಿದೆಯೇ, ಒಂದು ಕೋಟ್. ಮಕ್ಕಳು ಪೆನ್ಸಿಲಿನಲ್ಲಿ ಗೀಚಿದ್ದಾರೆಯೇ, ಎರಡು ಕೋಟ್. ಬಾಡಿಗೆಯವನು ಜಗಳವಾಡಿ ಗೋಡೆಗೆ ಎಣ್ಣೆ ಬಾಣಲೆ ಎಸೆದು ಹೋಗಿದ್ದಾನೆಯೇ, ಮೂರು ಕೋಟ್, ಆಮೇಲೆ ಹೊಸ ಬಾಡಿಗೆಯವನು. ನಮ್ಮ ಅಡುಗೆಮನೆಗೆ ಅವರು ವರ್ಷಾವರ್ಷ ಬಳಿದಿರುವ ಬಣ್ಣ ನೋಡಿದರೆ ಆ ಕೋಣೆ ನಿಧಾನಕ್ಕೆ ಚಿಕ್ಕದಾಗುತ್ತಿದೆ ಎಂದು ನನಗೆ ಅನುಮಾನ. ಒಮ್ಮೆ ಬಾಯಿಬಿಟ್ಟು ಹೇಳಿಯೂ ಬಿಟ್ಟೆ. "ಅಡುಗೆಮನೆ ಇದ್ದಷ್ಟೇ ಇದೆ ಅಳಿಯಂದ್ರೇ, ನಿಮ್ಮ ಹೊಟ್ಟೆ ದೊಡ್ಡದಾಗ್ತಿದೆ" ಅಂದರು. ಅಂದಿನಿಂದ ನಾನು ಗೋಡೆಗಳ ಸುದ್ದಿಗೆ ಹೋಗಿಲ್ಲ.

ಇಂಥವರಿಗೆ ಹುಟ್ಟಿದ ಮಗಳು, ಅಂದರೆ ನನ್ನ ಹೆಂಡತಿ, ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಚೆಕ್ಕರ್. ಬೆಳಗ್ಗೆಯಿಂದ ಸಂಜೆಯವರೆಗೆ ಟ್ಯೂಬ್‌ಲೈಟಿನ ಕೆಳಗೆ ನಿಂತು ಹೊಸ ಅಂಗಿಗಳನ್ನು ಒಳಗೆ ಹೊರಗೆ ತಿರುವಿ, ಎಲ್ಲಿ ದಾರ ಎದ್ದಿದೆ, ಎಲ್ಲಿ ಮಿಷನ್ ಎಣ್ಣೆ ತಾಗಿದೆ ಎಂದು ಹುಡುಕಿ, ಅಲ್ಲಿಗೊಂದು ಪುಟ್ಟ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದು ಅವಳ ಕೆಲಸ. ಸ್ಟಿಕ್ಕರ್ ಹಾಳೆ ಬ್ಯಾಗಿನಲ್ಲಿ ಮನೆಗೂ ಬರುತ್ತದೆ. ಮಕ್ಕಳ ಯೂನಿಫಾರಂ ಮೇಲೆ ಬಾಣ, ಸರಿಯಾಗಿ ತೊಳೆಯದ ಲೋಟದ ಮೇಲೆ ಬಾಣ. ಒಂದು ಭಾನುವಾರ ಮಧ್ಯಾಹ್ನ ನಿದ್ದೆಯಿಂದ ಎದ್ದಾಗ ನನ್ನ ಬನಿಯನ್ ಮೇಲೂ ಒಂದಿತ್ತು. ಬನಿಯನ್ನಿನಲ್ಲಿ ತೂತೇನೂ ಇರಲಿಲ್ಲ.

ಮುಚ್ಚುವ ಅಪ್ಪ, ಹುಡುಕುವ ಮಗಳು, ಇಬ್ಬರ ನಡುವೆ ಮೆಡಿಕಲ್ ಶಾಪಿನಲ್ಲಿ ಮಾತ್ರೆ ಎಣಿಸಿಕೊಡುವ ನಾನು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅಪ್ಪ ಮಗಳ ಜಗಳದಲ್ಲಿ ಬಡವಾದದ್ದು ಅಳಿಯ.

ಮೂರು ವರ್ಷದ ಹಿಂದೆ ಮಾವ ಏಣಿಯಿಂದ ಬಿದ್ದು ಸೊಂಟಕ್ಕೆ ಪೆಟ್ಟಾಯಿತು. ಕೆಲಸ ಅಲ್ಲಿಗೆ ಮುಗಿಯಿತು. ಆಮೇಲೆ ಅವರಿಗೆ ಉಳಿದದ್ದು ಮಧ್ಯಾಹ್ನ ಮೂರೂವರೆಯಿಂದ ಆರೂವರೆಯವರೆಗಿನ ಹೊತ್ತು ಮಾತ್ರ. ಆ ಹೊತ್ತಿಗೆ ಶಾಲೆಯ ಗೇಟಿನಿಂದ ನಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದು, ನಾವು ಬರುವವರೆಗೆ ನೋಡಿಕೊಳ್ಳುವುದು ಅವರ ಪಾಲಿನ ಕೆಲಸ. ದೊಡ್ಡವಳಿಗೆ ಒಂಬತ್ತು, ಚಿಕ್ಕವಳಿಗೆ ಆರು. ಮೂರೂವರೆಗೆ ಹೋಗಬೇಕಾದ ಮನುಷ್ಯ ಹನ್ನೊಂದಕ್ಕೇ ಗಡ್ಡ ಕೆರೆದುಕೊಂಡು, ತಲೆ ಬಾಚಿ, ಇಸ್ತ್ರಿ ಅಂಗಿ ಹಾಕಿಕೊಂಡು ಗಡಿಯಾರದ ಎದುರು ಕೂತುಬಿಡುತ್ತಿದ್ದರು. ನೋಡಿದರೆ ನನಗೆ ನಗುವೂ ಬರುತ್ತಿತ್ತು, ಪಾಪ ಅನ್ನಿಸುತ್ತಲೂ ಇತ್ತು.

ಶಾಲೆಯಿಂದ ಮನೆಗೆ ಬರುವ ದಾರಿಯಲ್ಲಿ ನೀರಿನ ಟ್ಯಾಂಕ್ ಇದೆ. ಅದರ ಹಿಂದೆ ಒಳ್ಳೆ ಇಳಿಜಾರು, ಇಳಿಜಾರಿನ ತುಂಬ ದಟ್ಟ ಹುಲ್ಲು. ಬೀದಿಯ ಮಕ್ಕಳೆಲ್ಲ ರಟ್ಟಿನ ಡಬ್ಬಿ ಹರಿದು, ಅದರ ಮೇಲೆ ಕೂತು ಮೇಲಿನಿಂದ ಕೆಳಕ್ಕೆ ಜಾರುತ್ತವೆ. ಅರ್ಧ ದಾರಿಗೆ ರಟ್ಟು ಒಂದು ಕಡೆ, ಮಗು ಒಂದು ಕಡೆ. ಮಿಕ್ಕರ್ಧ ದಾರಿಯನ್ನು ಮೊಣಕಾಲು, ಮೊಣಕೈ ಮತ್ತು ಕುಂಡೆಯ ಮೇಲೆ ಮುಗಿಸಬೇಕು. ನಮ್ಮವರ ಯೂನಿಫಾರಂ ಬಿಳಿ ಅಂಗಿ, ತಿಳಿನೀಲಿ ಲಂಗ. ಯಾರು ಈ ಬಣ್ಣ ಆರಿಸಿದರೋ, ಅವರಿಗೆ ಮಕ್ಕಳಿಲ್ಲ ಎಂದು ನಾನು ಬರೆದುಕೊಡಬಲ್ಲೆ.

ಈ ವರ್ಷ ಜಾರಾಟ ಶುರುವಾದ ಮೊದಲ ತಿಂಗಳು ನನ್ನ ಹೆಂಡತಿ ಬೆಳಗ್ಗೆ ಐದಕ್ಕೆ ಎದ್ದು ಉಜ್ಜಿದಳು. ಉಜ್ಜಿದಷ್ಟೂ ಹಸಿರು ಅಗಲವಾಯಿತು. ಬಿಸಿನೀರು ಹಾಕಿದಳು, ಕಲೆ ಬಟ್ಟೆಗೆ ಇನ್ನೂ ಗಟ್ಟಿಯಾಗಿ ಅಂಟಿಕೊಂಡಿತು. ಶಾಲೆಯ ಡೈರಿಯಲ್ಲಿ ಟೀಚರ್ ಎರಡು ಸಲ ಬರೆದು ಕಳಿಸಿದರು. ದಿನವಿಡೀ ಊರಿನವರ ಅಂಗಿಯ ಕಲೆ ಹುಡುಕುವವಳಿಗೆ ಸ್ವಂತ ಮಕ್ಕಳ ಬಟ್ಟೆ ನೋಡಿಕೊಳ್ಳಲು ಬರಲ್ಲ ಎಂದು ಯಾರೋ ಅಂದರಂತೆ. ಅದು ಅವಳಿಗೆ ನಾಟಿತು. ಅವಳ ಸಿಟ್ಟಿನಲ್ಲಿ ನ್ಯಾಯ ಇತ್ತು, ಅದನ್ನು ನಾನು ಒಪ್ಪುತ್ತೇನೆ.

ಮಾವ ಮೊಮ್ಮಕ್ಕಳ ರಕ್ಷಣೆಗೆ ತಮ್ಮ ವಿದ್ಯೆಯನ್ನೇ ಇಳಿಸಿದರು. ಮೊದಲು ಬಿಳಿ ಅಂಗಿ. ಕ್ಯಾನ್ವಾಸ್ ಶೂಗೆ ಹಚ್ಚುವ ಬಿಳಿ ಪಾಲಿಶ್ ತಂದು, ಸಣ್ಣ ಬ್ರಷ್ಷಿನಲ್ಲಿ ಎರಡು ಕೋಟ್ ಎಳೆದು, ಫ್ಯಾನಿನ ಕೆಳಗೆ ಒಣಗಿಸಿದರು. ಕಣ್ಣಿಗೆ ಏನೇನೂ ಕಾಣುತ್ತಿರಲಿಲ್ಲ. ಆದರೆ ನನ್ನ ಹೆಂಡತಿ ಬಟ್ಟೆಯನ್ನು ಕಣ್ಣಿಗಿಂತ ಮೊದಲು ಬೆರಳಿನಿಂದ ನೋಡುತ್ತಾಳೆ.

"ಈ ಅಂಗಿ ಯಾಕೆ ಚಕ್ಕೆ ಏಳ್ತಿದೆ?" ಅಂದಳು.

ಯಾರನ್ನೂ ಹೆಸರಿಸಿ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮಾವ ತಮ್ಮ ಬೆರಳುಗಳನ್ನು ಪಂಚೆಗೆ ಒರೆಸಿಕೊಂಡರು. ಅಷ್ಟು ಸಾಕಾಯಿತು.

ಅವಳು ಚಾಪೆ ಕೆಳಗೆ ತೂರಿದರೆ ಅಪ್ಪ ರಂಗೋಲಿ ಕೆಳಗೆ ತೂರುವವರು. ಮುಂದಿನ ವಾರ ಲಂಗದ ಸರದಿ. ಒಂದು ಮಾತು ಹೇಳಲೇಬೇಕು, ಬಣ್ಣ ಹೊಂದಿಸುವುದರಲ್ಲಿ ಮಾವನನ್ನು ಮೀರಿಸುವವರಿಲ್ಲ. ಹಳೆಯ ಡಬ್ಬಿಗಳ ತಳದಲ್ಲಿ ಉಳಿದ ಬಣ್ಣ ಕಲಸಿ ಆ ತಿಳಿನೀಲಿಯನ್ನು ಅದೆಷ್ಟು ಕರಾರುವಾಕ್ಕಾಗಿ ತಂದರೆಂದರೆ ಎಂಟು ದಿನ ಚೆಕ್ಕರಮ್ಮನಿಗೂ ಗೊತ್ತಾಗಲಿಲ್ಲ. ಲಂಗ ಒಗೆಯುವುದನ್ನೂ ತಾವೇ ವಹಿಸಿಕೊಂಡು ಅವಳ ಬೆರಳಿಗೆ ಸಿಗದಂತೆ ನೋಡಿಕೊಂಡರು. ದಿನಕ್ಕೊಂದು ಕಲೆ, ದಿನಕ್ಕೊಂದು ಕೋಟ್. ಒಂಬತ್ತನೇ ದಿನ ಚಿಕ್ಕವಳು ಸ್ನಾನಕ್ಕೆ ಹೋಗುವಾಗ ಲಂಗ ಬಿಚ್ಚಿ ಬಿಟ್ಟಳು. ಲಂಗ ಕೆಳಗೆ ಬೀಳಲಿಲ್ಲ, ಬಚ್ಚಲುಮನೆ ಬಾಗಿಲಲ್ಲಿ ತನ್ನಷ್ಟಕ್ಕೆ ತಾನೇ ನಿಂತುಕೊಂಡಿತ್ತು.

ಅಂದು ರಾತ್ರಿ ನನ್ನ ಹೆಂಡತಿ ಮಕ್ಕಳ ಎದುರಿಗೇ ಬ್ಯಾಗಿನಿಂದ ಒಂದು ಫಾರಂ ತೆಗೆದು ಫ್ರಿಜ್ ಮೇಲೆ ಇಟ್ಟಳು. ಶಾಲೆಯ ಪಕ್ಕದ ಬಟ್ಟೆ ಅಂಗಡಿಯ ಮಹಡಿಯಲ್ಲಿರುವ ಡೇ ಕೇರಿನದು. ಅಲ್ಲಿ ಮಕ್ಕಳು ಶಾಲೆ ಬಿಟ್ಟ ಮೇಲೆ ಚಾಪೆಯ ಮೇಲೆ ಕೂತು ಮಣಿ ಪೋಣಿಸುತ್ತಾರೆ.

"ಅಪ್ಪ, ನಿಮ್ಮ ಕೈಲಿ ಆಗಲ್ಲ ಅಂತ ನಾನು ಹೇಳ್ತಿಲ್ಲ. ನನ್ನ ಕೈಲಿ ಆಗ್ತಿಲ್ಲ. ಇನ್ನೊಂದೇ ಒಂದು ಹಸಿರು ಕಲೆ ಕಂಡರೂ ಮಾರನೇ ದಿನದಿಂದ ಇವರು ಅಲ್ಲಿಗೇ."

ಮಾವ ನನ್ನ ಮುಖ ನೋಡಿದರು. ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, "ನೋಡೋಣ, ಎಲ್ಲ ಸರಿಹೋಗುತ್ತೆ" ಅಂದೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಎರಡು ದಿನವೂ ಕಳೆದಿರಲಿಲ್ಲ. ಸಂಜೆ ನಾಲ್ಕೂವರೆಗೆ ಮಾವ ಮೊಮ್ಮಕ್ಕಳ ಸಮೇತ ನನ್ನ ಮೆಡಿಕಲ್ ಶಾಪಿಗೆ ಬಂದರು. ಚಿಕ್ಕವಳು ಅಳುತ್ತಿದ್ದಳು, ಬಿಳಿ ಅಂಗಿಯ ಮೊಣಕೈಯಲ್ಲಿ ಅಂಗೈಯಗಲದ ಹಸಿರು. ಮಾವ ಆ ತೋಳನ್ನು ಕೌಂಟರ್ ಮೇಲೆ ಚಾಚಿಸಿದರು.

"ಅಳಿಯಂದ್ರೇ, ಇದನ್ನ ಮುಚ್ಚೋಕೆ ನಿಮ್ಮತ್ರ ಔಷಧ ಏನಾದ್ರೂ ಇದೆಯಾ?"

"ಮುಚ್ಚೋದು ಬಿಡಿ ಮಾವ. ತೆಗೆಯೋಣ."

ಅವರು ಕೆಟ್ಟ ಮಾತು ಕೇಳಿದವರ ಹಾಗೆ ನನ್ನನ್ನು ನೋಡಿದರು.

ಅಂಗಡಿಯ ಹಿಂದಿನ ಸಿಂಕಿನಲ್ಲಿ ನಾನು ಮಾಡಿ ತೋರಿಸಿದೆ. ಕಲೆಯ ಕೆಳಗೆ ಮಡಿಸಿದ ಹಳೇ ಟವೆಲ್. ಅಂಗಿಯನ್ನು ಒಳಮಗ್ಗುಲಾಗಿ ತಿರುಗಿಸಿ, ಹತ್ತಿಯಲ್ಲಿ ಸರ್ಜಿಕಲ್ ಸ್ಪಿರಿಟ್ ಅದ್ದಿ, ಒತ್ತಬೇಕೇ ಹೊರತು ಉಜ್ಜಬಾರದು. ಹಸಿರು ಕೆಳಗಿನ ಟವೆಲಿಗೆ ಇಳಿಯುತ್ತದೆ. ಟವೆಲಿನ ಜಾಗ ಬದಲಿಸುತ್ತಾ ಮತ್ತೆ ಒತ್ತುವುದು. ಆಮೇಲೆ ತಣ್ಣೀರು, ಸೋಪಿನ ಪುಡಿಯಲ್ಲಿ ಅರ್ಧ ಗಂಟೆ ನೆನೆಸುವುದು. ಕಲೆ ಪೂರ್ತಿ ಹೋಗುವವರೆಗೆ ಬಿಸಿನೀರೂ ಇಲ್ಲ, ಇಸ್ತ್ರಿಯೂ ಇಲ್ಲ. ಮಾವ ಉಸಿರು ಹಿಡಿದು ನೋಡುತ್ತಿದ್ದರು. ಕೊನೆಗೆ ಅಂಗಿಯನ್ನು ಬೆಳಕಿಗೆ ಹಿಡಿದಾಗ ಅಲ್ಲಿ ಬಟ್ಟೆ ಬಿಟ್ಟು ಬೇರೇನೂ ಇರಲಿಲ್ಲ.

"ನಲವತ್ತೊಂದು ವರ್ಷ," ಅಂದರು ಮಾವ. "ನನ್ನ ಕಣ್ಮುಂದೆ ಒಂದು ಬಣ್ಣ ಹೀಗೆ ಮಾಯ ಆಗಿದ್ದು ಇದೇ ಮೊದಲು." ಅವರ ದನಿಯಲ್ಲಿ ಸಂತೋಷ ಎಷ್ಟಿತ್ತೋ ಸಂಕಟವೂ ಅಷ್ಟೇ ಇತ್ತು. ಅದೇ ಸ್ಪಿರಿಟ್ ಬಾಟಲಿಯನ್ನು ತಮ್ಮ ಅಂಗಿಯೊಳಗೆ ಬಚ್ಚಿಟ್ಟುಕೊಂಡು ಮನೆಗೆ ಹೋದರು.

ಅಲ್ಲಿಂದ ಮೂರು ವಾರ ನಮ್ಮ ಮನೆ ತಣ್ಣಗಿತ್ತು. ಅಂಗಿ ಹಾಲಿನ ಹಾಗೆ, ಹೊಸ ಲಂಗ ಆಕಾಶದ ಹಾಗೆ. ಎಲ್ಲ ನನ್ನ ಸ್ಪಿರಿಟ್ಟಿನ ಪ್ರತಾಪ ಎಂದುಕೊಂಡು ನಾನು ಒಳಗೊಳಗೇ ಮೀಸೆ ತಿರುವುತ್ತಿದ್ದೆ. ನನ್ನ ಹೆಂಡತಿ ಮಾತ್ರ ದಿನದಿಂದ ದಿನಕ್ಕೆ ಸಪ್ಪಗಾದಳು.

"ರೀ, ನೂರು ಪೀಸಲ್ಲಿ ನೂರಕ್ಕೆ ನೂರೂ ಪಾಸಾದ್ರೆ ನಮ್ಮಲ್ಲಿ ಏನಂತಾರೆ ಗೊತ್ತಾ? ಎಲ್ಲೋ ಏನೋ ತಪ್ಪಾಗಿದೆ ಅಂತಾರೆ. ಮಕ್ಕಳು ಹೀಗೆ ಬರಲ್ಲ ರೀ. ಕಾಲರ್‌ನಲ್ಲಿ ಬೆವರಿನ ಗೆರೆ ಕೂಡ ಇಲ್ಲ."

"ಒಳ್ಳೇದಾಯ್ತಲ್ಲ ಬಿಡು" ಅಂದೆ. ಆ ಗುರುವಾರ ಮಧ್ಯಾಹ್ನ ಅವಳು ಅರ್ಧ ದಿನ ರಜೆ ಹಾಕಿ ಮನೆಗೆ ಬಂದು ಬಚ್ಚಲುಮನೆ ತಿಕ್ಕುತ್ತಿದ್ದಾಗ ಬಕೆಟ್ಟಿನ ಹಿಂದೆ ಸ್ಪಿರಿಟ್ ಬಾಟಲಿ ಸಿಕ್ಕಿತು. ಬಾಟಲಿ ಹಿಡಿದು ನೇರ ನನ್ನ ಅಂಗಡಿಗೇ ಬಂದಳು.

"ಅಪ್ಪ ಕುಡಿಯೋಕೆ ಶುರು ಮಾಡಿದಾರೆ."

ನನ್ನ ಮುಖ ಇಂಗು ತಿಂದ ಮಂಗನ ಮುಖದಂತಾಯಿತು. ಎಲ್ಲವನ್ನೂ ಒಪ್ಪಿಕೊಂಡೆ. ಅವಳು ಬೈಯಲಿಲ್ಲ. ಬಾಟಲಿಯನ್ನು ಬೆಳಕಿಗೆ ಎತ್ತಿ ಹಿಡಿದು ಅಳತೆ ನೋಡಿದಳು.

"ನೀವು ತೋರಿಸ್ಕೊಟ್ಟಾಗ ಎಷ್ಟು ಖರ್ಚಾಯ್ತು?"

"ಎರಡು ಮುಚ್ಚಳ ಇರಬಹುದು."

"ಅಷ್ಟೇ ಖಾಲಿಯಾಗಿರೋದು. ಹಾಗಾದ್ರೆ ಮೂರು ವಾರದಿಂದ ಕಲೆಯೇ ಆಗಿಲ್ಲ." ಗಡಿಯಾರ ನೋಡಿದಳು, ನಾಲ್ಕು ಗಂಟೆ. "ಸ್ಕೂಟರ್ ತೆಗೀರಿ."

ಟ್ಯಾಂಕಿನ ಹಿಂದೆ ಎಂದಿನ ಗಲಾಟೆ. ಹತ್ತು ಹನ್ನೆರಡು ಮಕ್ಕಳು ರಟ್ಟು ಹಿಡಿದು ಜಾರುತ್ತಿದ್ದವು. ನಮ್ಮವರು ಅದರಲ್ಲಿ ಇರಲಿಲ್ಲ. ಇಳಿಜಾರಿನ ಪಕ್ಕದ ಕಟ್ಟೆಯ ಮೇಲೆ ನ್ಯೂಸ್‌ಪೇಪರ್ ಹಾಸಿಕೊಂಡು ಮೂವರು ಸಾಲಾಗಿ ಕೂತಿದ್ದರು. ನಡುವೆ ಮಾವ, ಅತ್ತ ಒಬ್ಬಳು, ಇತ್ತ ಒಬ್ಬಳು. ಮಕ್ಕಳ ಕೈ ಮೊಣಕಾಲಿನ ಮೇಲೆ, ಕಣ್ಣು ಇಳಿಜಾರಿನ ಮೇಲೆ. ನಾವು ಹಿಂದಿನಿಂದ ಹೋದದ್ದು ಅವರಿಗೆ ತಿಳಿಯಲಿಲ್ಲ.

ಮುದುಕ ಹೆದರಿಕೊಂಡು ಮಕ್ಕಳನ್ನು ಕಟ್ಟಿಹಾಕಿದ್ದಾನೆ ಎಂದೇ ನಾನು ತಿಳಿದೆ. ಹತ್ತಿರ ಹೋದರೆ ಮಾತು ಕೇಳಿಸಿತು.

"ಒಂದೇ ಒಂದು ಸಲ ಜಾರಿ ಬನ್ರೇ. ನಾನು ಕೆಳಗೆ ನಿಂತು ಹಿಡ್ಕೋತೀನಿ," ಮಾವ ಅಂಗಲಾಚುತ್ತಿದ್ದರು.

"ಬೇಡ ತಾತ," ಅಂದಳು ದೊಡ್ಡವಳು.

"ಸ್ಪಿರಿಟ್ ಇದೆ ಕಣ್ರೇ. ಬಾಟ್ಲಿ ತುಂಬ ಇದೆ."

"ಅದರಲ್ಲೂ ಹೋಗ್ಲಿಲ್ಲ ಅಂದ್ರೆ? ನಮ್ಮನ್ನ ಡೇ ಕೇರಿಗೆ ಹಾಕ್ತಾರೆ. ಆಮೇಲೆ ನಿನ್ನ ಯಾರು ನೋಡ್ಕೋತಾರೆ?"

ಚಿಕ್ಕವಳು ತಲೆ ಆಡಿಸಿದಳು. "ಅಲ್ಲಿ ತಾತಂದಿರನ್ನ ಸೇರಿಸ್ಕೊಳ್ಳಲ್ವಂತೆ. ನಾನು ಹೋಗಿ ಕೇಳಿದೀನಿ."

ನನ್ನ ಹೆಂಡತಿ ನನ್ನ ತೋಳು ಹಿಡಿದುಕೊಂಡಳು. ಉಗುರು ನಾಟಿತು. ಆಮೇಲೆ ತೋಳು ಬಿಟ್ಟು ಮುಂದೆ ಹೋಗಿ ಅವರೆದುರು ನಿಂತಳು. ಮಾವ ಗಾಬರಿಯಿಂದ ಎದ್ದು ನಿಲ್ಲಲು ಹೋಗಿ ಸೊಂಟ ಹಿಡಿದುಕೊಂಡು ಮತ್ತೆ ಕೂತರು.

"ಕಲೆ ಇಲ್ಲಮ್ಮ," ಅಂದರು. "ಬೇಕಾದ್ರೆ ನೋಡು."

"ನೋಡಿದೆ ಅಪ್ಪ." ಅವಳು ಮಕ್ಕಳ ಕಡೆ ತಿರುಗಿದಳು. "ಹೋಗಿ, ಆಡ್ಕೊಳ್ಳಿ. ಡೇ ಕೇರ್ ಬೇಡ. ಯಾರೂ ಎಲ್ಲಿಗೂ ಹೋಗೋದಿಲ್ಲ."

ಇಬ್ಬರೂ ಅಲ್ಲಾಡಲಿಲ್ಲ. ದೊಡ್ಡವಳು ಸ್ಕೂಲ್ ಬ್ಯಾಗಿನಿಂದ ರಫ್ ನೋಟ್‌ಬುಕ್ ತೆಗೆದು ಅಮ್ಮನ ಮುಂದೆ ಹಿಡಿದು, "ಬರೆದು ಕೊಡು" ಅಂದಳು. ರಕ್ತ ಎಲ್ಲಿಗೆ ಹೋಗುತ್ತದೆ, ಚೆಕ್ಕರ್ ಮಗಳು. ನನ್ನ ಹೆಂಡತಿ ಮೊಣಕಾಲಿನ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಬರೆದಳು: ಎಷ್ಟು ಕಲೆ ಆದರೂ ತಾತನ ಜೊತೆಗೇ. ದೊಡ್ಡವಳು ಓದಿ, "ಸೈನ್" ಅಂದಳು. ಸೈನ್ ಆಯಿತು. "ತಾರೀಕು." ಅದೂ ಆಯಿತು. ಆಮೇಲೆ ನೋಟ್‌ಬುಕ್ ನನ್ನ ಕಡೆ ಬಂತು. ನಾನೂ ಹೆಂಡತಿಯ ಹೆಸರಿನ ಕೆಳಗೆ, ಎಂದಿನಂತೆ, ರುಜು ಹಾಕಿದೆ. ಹಾಳೆ ಹರಿದು ತಾತನ ಕೈಗೆ ಕೊಟ್ಟು, ಶೂ ಅಲ್ಲೇ ಬಿಸಾಕಿ, ಇಬ್ಬರೂ ಇಳಿಜಾರಿನ ಕಡೆ ಓಡಿದರು.

ಮಾವ ಆ ಹಾಳೆಯನ್ನು ಎರಡು ಸಲ ಓದಿದರು. ಮಗಳ ಮುಖ ನೋಡಲಿಲ್ಲ. ಮಕ್ಕಳ ಕಡೆಯೇ ಕಣ್ಣಿಟ್ಟು ಮೆಲ್ಲಗೆ ಕೇಳಿದರು:

"ಇದು ನಿಜವಾಗ್ಲೂ ಬರೆದಿದ್ದೇನಮ್ಮ, ಇಲ್ಲ ಮಕ್ಕಳನ್ನ ಏಳಿಸೋಕೆ ಬರೆದಿದ್ದಾ?"

ಅವಳು ಹಾಳೆಯಲ್ಲಿದ್ದ ತನ್ನ ಸೈನಿನ ಮೇಲೆ ಬೆರಳಿಟ್ಟು, "ನಿಜವಾಗ್ಲೂ ಅಪ್ಪ" ಅಂದಳು. ಮಾವ ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಇಟ್ಟುಕೊಂಡರು. ಮಗಳು ಪಕ್ಕದ ಬರೀ ಕಟ್ಟೆಯ ಮೇಲೆ ಕೂರಲು ಹೋದಾಗ, ಚಿಕ್ಕವಳು ಬಿಟ್ಟುಹೋದ ನ್ಯೂಸ್‌ಪೇಪರನ್ನು ಅವಳ ಕಡೆ ಸರಿಸಿ, ಅಂಗೈಯಲ್ಲಿ ಸುಕ್ಕು ಸವರಿ, "ಪೇಪರ್ ಮೇಲೆ ಕೂತ್ಕೊಮ್ಮ, ಬಟ್ಟೆ ಕೊಳೆಯಾಗುತ್ತೆ" ಅಂದರು.